ಬಿಟ್ಟುಹೋದ ಮೊದಲ ಅಕ್ಷರ

ಕಳೆದ ಬೇಸಿಗೆ ರಜೆಯಲ್ಲಿ ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಏಳು ವರ್ಷದ ಮಗಳು ಹಳದಿ ಬೋರ್ಡಿನ ಮುಂದೆ ನಿಂತುಬಿಟ್ಟಳು. "ಅಮ್ಮಾ, ಮೊದಲನೇ ಅಕ್ಷರ ಬಿಟ್ಟು ಉಳಿದದ್ದೆಲ್ಲ ನಂಗೆ ಗೊತ್ತು!" ಎಂದಳು. ಹಿಮಾಯತ್‌ನಗರದಲ್ಲಿ ಬೆಳೆಯುತ್ತಿರುವ ಅವಳು ಶಾಲೆಯಲ್ಲಿ ತೆಲುಗು ಕಲಿಯುತ್ತಾಳೆ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದವು. ಹಾಗಾಗಿ ಲ, ಬು, ರ, ಗಿ ಅವಳಿಗೆ ಪರಿಚಿತ, 'ಕ' ಮಾತ್ರ ಹೊಸದು. ನನಗೆ ನಗು ಬಂತು, ಸಂಕಟವೂ ಆಯಿತು. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಮಗುವಿಗೆ ಅಜ್ಜಿಯ ಊರಿನ ಹೆಸರು ಓದಲು ಒಂದು ಅಕ್ಷರ ಕಡಿಮೆಯಾಗಿತ್ತು.

ಆ ಒಂದು ಅಕ್ಷರ ಕಲಿಸಬೇಕಾದವರು ಯಾರು? ಈ ಪ್ರಶ್ನೆ ಹೈದರಾಬಾದಿಗೆ ಹೊಸದಲ್ಲ. ನಮ್ಮ ಸುತ್ತಮುತ್ತಲ ಬೀದಿಗಳಲ್ಲೇ ಅದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ನಿಜಾಮರ ಸಂಸ್ಥಾನದಲ್ಲಿ ಆಡಳಿತ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದು. ಇಂಗ್ಲಿಷನ್ನು ಬಿಟ್ಟು ದೇಶದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಹಸವೇ. ಆದರೆ ಮನೆಯಲ್ಲಿ ತೆಲುಗು, ಮರಾಠಿ, ಕನ್ನಡ ಆಡುವ ಮಕ್ಕಳಿಗೆ ತಮ್ಮ ನುಡಿಯ ಅಕ್ಷರ ಸುಲಭವಾಗಿ ಸಿಗುತ್ತಿರಲಿಲ್ಲ. ಖಾಸಗಿ ಶಾಲೆ ತೆರೆಯುವುದಕ್ಕೂ ಸರ್ಕಾರದ ಅನುಮತಿ ಬೇಕಿದ್ದ ಕಾಲವದು.

ಆಗ ಜನರೇ ಮುಂದೆ ಬಂದರು. 1901ರಲ್ಲಿ ಕೊಮರ್ರಾಜು ಲಕ್ಷ್ಮಣರಾವ್, ರಾವಿಚೆಟ್ಟು ರಂಗರಾವ್ ಮೊದಲಾದವರು ಸೇರಿ ಶ್ರೀ ಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಎಂಬ ಗ್ರಂಥಾಲಯ ಕಟ್ಟಿದರು. ಸುಲ್ತಾನ್ ಬಜಾರಿನಲ್ಲಿ ಅದು ಇಂದಿಗೂ ಇದೆ. 1928ರಲ್ಲಿ ಮಾಡಪಾಟಿ ಹನುಮಂತರಾವ್ ಅವರ ಮುಂದಾಳತ್ವದಲ್ಲಿ ಹೆಣ್ಣುಮಕ್ಕಳಿಗಾಗಿ ತೆಲುಗು ಮಾಧ್ಯಮದ ಶಾಲೆ ಶುರುವಾಯಿತು. ನಮ್ಮ ಪಕ್ಕದ ನಾರಾಯಣಗುಡದಲ್ಲಿ ಅವರ ಹೆಸರಿನ ಆ ಶಾಲೆಯ ಮುಂದೆ ನಾವು ಎಷ್ಟೋ ಸಲ ಹಾದುಹೋಗಿದ್ದೇವೆ.

ಬೀದರ್, ಕಲಬುರಗಿ, ರಾಯಚೂರು ಕೂಡ ಅಂದು ಇದೇ ಸಂಸ್ಥಾನದಲ್ಲಿದ್ದವು. ಅಲ್ಲಿಂದ ಓದು, ನೌಕರಿ ಎಂದು ರಾಜಧಾನಿಗೆ ಬಂದ ಕನ್ನಡಿಗರೂ ಕೈಕಟ್ಟಿ ಕೂರಲಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಇಲ್ಲಿನ ಕನ್ನಡಿಗರು ತಾವೇ ಕಟ್ಟಿಕೊಂಡ ಆಸರೆಗಳು.

ಅಕ್ಷರ ಕಲಿತ ಮಗುವಿಗೆ ಓದಲು ಏನಾದರೂ ಬೇಕಲ್ಲ? ಆ ಚಿಂತೆ ಹೊತ್ತವರು ಪಂಜೆ ಮಂಗೇಶರಾಯರು. ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗಿದ ಅವರು ಮಕ್ಕಳಿಗಾಗಿ ಹಾಡು, ಕಥೆ ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. 1934ರಲ್ಲಿ ನಿಜಾಮರ ಸೀಮೆಯ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1937ರಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಹೈದರಾಬಾದಿನಲ್ಲಿ. ಕನ್ನಡದ ಮಕ್ಕಳಿಗೆ 'ನಾಗರಹಾವೆ' ಪದ್ಯ ಕೊಟ್ಟ ಕವಿಯ ಕೊನೆಯ ದಿನಗಳು ಈ ಊರಿನವು ಎಂದು ನಮ್ಮ ಮಕ್ಕಳಿಗೆ ನಾವು ಹೇಳಿದ್ದೇವೆಯೇ?

ಮಕ್ಕಳ ಅಕ್ಷರದ ಕಥೆ ತಾಯಂದಿರನ್ನು ಬಿಟ್ಟರೆ ಪೂರ್ತಿಯಾಗದು. ದುರ್ಗಾಬಾಯಿ ದೇಶಮುಖ್ ಇನ್ನೂ ಹುಡುಗಿಯಾಗಿದ್ದಾಗಲೇ ರಾಜಮಹೇಂದ್ರಿಯಲ್ಲಿ ಹೆಂಗಸರಿಗೆ ಹಿಂದಿ ಕಲಿಸಲು ಪಾಠಶಾಲೆ ನಡೆಸಿದವರು. ಮುಂದೆ ಅವರು ಕಟ್ಟಿದ ಆಂಧ್ರ ಮಹಿಳಾ ಸಭಾ ಹೈದರಾಬಾದಿನಲ್ಲಿ ವಯಸ್ಕರ ಸಾಕ್ಷರತೆಗೆಂದೇ ಒಂದು ಸಾಕ್ಷರತಾ ಭವನ ನಡೆಸಿತು. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಸ್ವಯಂಸೇವಕರು ರಾತ್ರಿ ಪಾಠ ಹೇಳುತ್ತಿದ್ದಾಗ, ಸಾರಾಯಿಯಿಂದ ಮನೆ ಹಾಳಾಗುವ ಪಾಠವೊಂದು ಹೆಂಗಸರ ಮಾತಿಗೆ ದಾರಿ ಮಾಡಿತು. ದೂಬಗುಂಟ ಗ್ರಾಮದ ಮಹಿಳೆಯರು ಸಾರಾಯಿ ಅಂಗಡಿಯ ವಿರುದ್ಧ ನಿಂತರು. ಆ ಕಿಚ್ಚು ಊರಿಂದೂರಿಗೆ ಹಬ್ಬಿ, 1993ರಲ್ಲಿ ಆಂಧ್ರಪ್ರದೇಶದಲ್ಲಿ ಸಾರಾಯಿ ನಿಷೇಧವಾಯಿತು. ಅಕ್ಷರ ಕಲಿಯಲು ಕೂತ ತಾಯಂದಿರು ತಮ್ಮ ಮನೆಯ ಗತಿಯನ್ನೇ ಬದಲಿಸಿದರು.

ಇಂದು ನಮಗೆ ಯಾರ ಅನುಮತಿಯೂ ಬೇಕಿಲ್ಲ, ಪುಸ್ತಕಕ್ಕೂ ಬರವಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ಅನುವಾದ ಮಾಡುವವರಲ್ಲಿ ನಮ್ಮಂತೆ ಬೇರೆ ಉದ್ಯೋಗದಲ್ಲಿದ್ದು ಬಿಡುವಿನಲ್ಲಿ ಕೂರುವ ಸ್ವಯಂಸೇವಕರೂ ಇದ್ದಾರೆ. ನಮಗೆ ಇಲ್ಲದಿರುವುದು ವಾರಕ್ಕೊಂದು ಗಂಟೆ ಮಾತ್ರ. ಅದನ್ನೂ 'ಪ್ರಾಜೆಕ್ಟ್ ರಿಲೀಸ್ ಇದೆ' ಎಂದು ಮುಂದೂಡಿದವರಲ್ಲಿ ನಾನೇ ಮೊದಲಿಗಳು.

ಆದ್ದರಿಂದ ನಮ್ಮ ಮಹಿಳಾ ವೇದಿಕೆಯ ಗೆಳತಿಯರಲ್ಲಿ ನನ್ನದೊಂದು ಕೋರಿಕೆ. ಮಕ್ಕಳನ್ನು ಕನ್ನಡ ತರಗತಿಗೆ ಬಿಟ್ಟು ನಾವು ಹೊರಗೆ ಮೊಬೈಲ್ ನೋಡುತ್ತಾ ಕಾಯುವುದು ಬೇಡ, ಜೊತೆಗೇ ಕೂರೋಣ. ಇಲ್ಲೇ ಹುಟ್ಟಿ ಬೆಳೆದು ಕನ್ನಡ ಓದಲು ಬಾರದ ಅಮ್ಮಂದಿರೂ ನಮ್ಮಲ್ಲಿದ್ದಾರೆ. ಅವರು ಸಂಕೋಚಪಡಬೇಕಿಲ್ಲ. ತೆಲುಗು ಬಂದರೆ ಅರ್ಧ ದಾರಿ ಆಗಲೇ ನಡೆದಂತೆ. ತಲೆಕಟ್ಟನ್ನೂ ಕ, ತ, ಶ, ಹದಂಥ ಕೆಲವು ಅಕ್ಷರಗಳನ್ನೂ ಗುರುತಿಸಿಕೊಂಡರೆ ಓದು ತಾನೇ ಸಾಗುತ್ತದೆ. ಒಂದು ಪುಟ ಅಮ್ಮ ಓದಲಿ, ಇನ್ನೊಂದು ಪುಟ ಮಗು ಓದಲಿ.

ಅಂದು ಸ್ಟೇಷನ್ನಿನಲ್ಲಿ ನಾನು ಮಗಳ ಅಂಗೈ ಮೇಲೆ ಬೆರಳಿನಿಂದ 'ಕ' ಬರೆದು ತೋರಿಸಿದೆ. ಅಜ್ಜಿಯ ಮನೆ ಮುಟ್ಟುವವರೆಗೂ ದಾರಿಯ ಅಂಗಡಿ ಬೋರ್ಡುಗಳಲ್ಲಿ ಅವಳು ಅದನ್ನೇ ಹುಡುಕುತ್ತಿದ್ದಳು.