ನಿರೀಕ್ಷೆ ಮತ್ತು ರಾಜಿ: ಸಿಂಪ್ಯೂಟರಿನಿಂದ ಸ್ಮಾರ್ಟ್‌ಫೋನಿನವರೆಗೆ – ಕುಂದಾಪುರ ಸೀಮೆಯ ನೆಲೆಯಿಂದ ಒಂದು ಅವಲೋಕನ

ಅಂಗೈ ಗಣಕಯಂತ್ರವೂ ಸಂಚಾರಿ ದೂರವಾಣಿಯೂ ಒಂದಾಗಿ ಸ್ಮಾರ್ಟ್‌ಫೋನ್ ರೂಪುಗೊಂಡ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆರಿಕ, ಫಿನ್‌ಲ್ಯಾಂಡ್ ಮುಂತಾದ ದೇಶಗಳ ಕಂಪೆನಿಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಅದರಲ್ಲಿ ಕರ್ನಾಟಕಕ್ಕೆ ಸಲ್ಲಬೇಕಾದ ಒಂದು ಅಧ್ಯಾಯವಿದೆ. ಬೆಂಗಳೂರಿನಲ್ಲಿ 1998ರಲ್ಲಿ ಚಿಂತನೆಗೊಂಡು, 2001ರಲ್ಲಿ ಮಾದರಿಯಾಗಿ ಪ್ರಕಟಗೊಂಡು, 2004ರಲ್ಲಿ ಮಾರುಕಟ್ಟೆಗೆ ಬಂದ ಸಿಂಪ್ಯೂಟರಿನ ಅಧ್ಯಾಯವದು. ಆ ಯಂತ್ರವನ್ನು ಕುರಿತು ಬಂದಿರುವ ಬರಹಗಳಲ್ಲಿ ಹೆಚ್ಚಿನವು ಅದು ಗೆದ್ದಿತೇ ಸೋತಿತೇ ಎಂಬ ಪ್ರಶ್ನೆಗೆ ಸೀಮಿತವಾಗಿವೆ. ಪ್ರಸ್ತುತ ಲೇಖನದ ಆಸಕ್ತಿ ಬೇರೆಯದು. ವಿನ್ಯಾಸಕಾರರು ಕಲ್ಪಿಸಿಕೊಂಡ ಬಳಕೆದಾರನಿಗೂ ಊರಿನಲ್ಲಿದ್ದ ನಿಜವಾದ ಬಳಕೆದಾರನಿಗೂ ನಡುವೆ ಎಷ್ಟು ಅಂತರವಿತ್ತು, ಆ ಅಂತರದ ಬೆಲೆಯನ್ನು ಕೊನೆಗೆ ಯಾರು ತೆತ್ತರು ಎಂಬುದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ನೆಲೆಯಿಂದ ನೋಡುವುದು ಇಲ್ಲಿನ ಉದ್ದೇಶ. ಈ ಪೈಕಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದದ್ದು 2018ರಲ್ಲಿ. ಸಿಂಪ್ಯೂಟರಿನ ಕಾಲದಲ್ಲಿ ಬೈಂದೂರು ಕುಂದಾಪುರ ತಾಲೂಕಿನೊಳಗೂ ಬ್ರಹ್ಮಾವರ ಉಡುಪಿ ತಾಲೂಕಿನೊಳಗೂ ಇದ್ದವು.

ಹೊರಜಗತ್ತಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 1994ರಲ್ಲಿ ಐಬಿಎಂ ಹೊರತಂದ ‘ಸೈಮನ್’ ಕರೆ, ವಿಳಾಸಪುಸ್ತಕ, ಫ್ಯಾಕ್ಸುಗಳನ್ನು ಒಂದೇ ಸ್ಪರ್ಶಪರದೆಯೊಳಗೆ ತಂದಿತು. ಆದರೆ ತೂಕ ಸುಮಾರು ಅರ್ಧ ಕಿಲೋ, ಮಾತಿಗೆ ಬ್ಯಾಟರಿ ಒಂದು ಗಂಟೆ. 1993ರ ಆಪಲ್ ‘ನ್ಯೂಟನ್’ ಬಳಕೆದಾರನ ಸಹಜ ಕೈಬರಹವನ್ನೇ ಓದಹೊರಟು ನಗೆಪಾಟಲಾಯಿತು. 1996ರ ‘ಪಾಮ್ ಪೈಲಟ್’ ಅದರಿಂದ ಪಾಠ ಕಲಿತು, ಯಂತ್ರಕ್ಕೆ ತಿಳಿಯುವಂತೆ ಸರಳಗೊಳಿಸಿದ ಅಕ್ಷರಾಕಾರಗಳನ್ನು ಬಳಕೆದಾರನೇ ಕಲಿಯಬೇಕೆಂದು ಗೊತ್ತುಮಾಡಿತು. ಯಂತ್ರ ಮಾಡಲಾರದ ಕೆಲಸವನ್ನು ಮನುಷ್ಯನ ಬೆರಳಿಗೆ ಒಪ್ಪಿಸುವ ಈ ರಾಜಿ ಅಲ್ಲಿಂದ ಮುಂದೆ ಈ ಕ್ಷೇತ್ರದ ವಾಡಿಕೆಯಾಯಿತೆನ್ನಬಹುದು. ಕನ್ನಡಿಗರ ಪಾಲಿಗೆ ಅದು ಎಂತಹ ರೂಪದಲ್ಲಿ ಬಂದಿತೆಂಬುದನ್ನು ಮುಂದೆ ನೋಡೋಣ.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರಸಂಕಿರಣವೊಂದು ಅಭಿವೃದ್ಧಿಶೀಲ ದೇಶಗಳಿಗೆ ತಕ್ಕ ಮಾಹಿತಿ ತಂತ್ರಜ್ಞಾನವನ್ನು ಕುರಿತು ಘೋಷಣೆಯೊಂದನ್ನು ಹೊರಡಿಸಿತು. ಸಿಂಪ್ಯೂಟರಿನ ಬೀಜ ಅಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನ ವಿಭಾಗದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮುಂತಾದವರೂ ಕೂಡಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. 2001ರ ಏಪ್ರಿಲ್ 25ರಂದು ಮಾದರಿ ಯಂತ್ರ ಪ್ರದರ್ಶಿತವಾಯಿತು. ನಿಗದಿಮಾಡಿಕೊಂಡ ಬೆಲೆ ಸುಮಾರು 9,000 ರೂಪಾಯಿ. ವಿನ್ಯಾಸದ ಒಂದೊಂದು ಅಂಶವೂ ಆ ಅಂಕಿಗೆ ತಲೆಬಾಗಿದೆ: ಬಣ್ಣವಿಲ್ಲದ 320ಕ್ಕೆ 240 ಬಿಂದುಗಳ ಪರದೆ, ಒತ್ತಿ ಬರೆಯಲು ಒಂದು ಕಡ್ಡಿ, ಅಂಗಡಿಯಲ್ಲಿ ಸಿಗುವ ಮೂರು ಸಣ್ಣ ಸೆಲ್ಲುಗಳು, ಪರವಾನಗಿ ಶುಲ್ಕವಿಲ್ಲದ ಲಿನಕ್ಸ್. ಹೊರಜಗತ್ತಿನೊಡನೆ ಸಂಪರ್ಕ ಬೇಕೆಂದರೆ ದೂರವಾಣಿ ತಂತಿಗೆ ಮೋಡೆಮ್ ಮೂಲಕ ಜೋಡಿಸಬೇಕು. ಕೈಯಲ್ಲಿ ಹಿಡಿದು ಮಾತನಾಡುವ ಸೌಲಭ್ಯ ಅದರೊಳಗೆ ಇರಲಿಲ್ಲ.

ಈ ಬೆಲೆಯೂ ಹಳ್ಳಿಯ ಕುಟುಂಬಕ್ಕೆ ಭಾರವೆಂದು ವಿನ್ಯಾಸಕಾರರು ಬಲ್ಲವರಾಗಿದ್ದರು. ಆದ್ದರಿಂದಲೇ ಸ್ಮಾರ್ಟ್ ಕಾರ್ಡಿನ ಕಲ್ಪನೆ ಬಂದಿತು. ಯಂತ್ರ ಪಂಚಾಯತಿಯದೋ ಶಾಲೆಯದೋ ಅಂಗಡಿಯದೋ ಆಗಿರುತ್ತದೆ. ಪ್ರತಿಯೊಬ್ಬನ ಬಳಿ ಅವನ ವಿವರಗಳುಳ್ಳ ಕಾರ್ಡು ಇರುತ್ತದೆ. ಬೇಕಾದಾಗ ಬಾಡಿಗೆಗೆ ಪಡೆದು, ಕಾರ್ಡು ತೂರಿಸಿದರೆ ಆ ಹೊತ್ತಿಗೆ ಯಂತ್ರ ಅವನದಾಗುತ್ತದೆ. ಇಡೀ ಯೋಜನೆಯಲ್ಲಿ ಅತ್ಯಂತ ಸ್ವೋಪಜ್ಞವಾದ ವಿಚಾರ ಇದೇ ಎಂಬುದು ನನ್ನ ಅಭಿಪ್ರಾಯ.

ಉಡುಪಿ ಸೀಮೆಯವರಿಗೆ ಇದರ ಅರ್ಥಶಾಸ್ತ್ರ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಟಿ. ಎಂ. ಎ. ಪೈ ಅವರು ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಂತಹ ಅಲ್ಪ ಮೊತ್ತವನ್ನು ಏಜೆಂಟನು ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದ. ಅಲ್ಲಿಯೂ ದುಬಾರಿ ವ್ಯವಸ್ಥೆ ಹಲವರ ನಡುವೆ ಹಂಚಿಕೆಯಾಗಿತ್ತು. ಠೇವಣಿದಾರನ ಕೈಯಲ್ಲಿ ಉಳಿಯುತ್ತಿದ್ದುದು ಒಂದು ಸಣ್ಣ ದಾಖಲೆ ಮಾತ್ರ. ಆದರೆ ಹಂಚಿಕೆಯಾದದ್ದು ಒಬ್ಬ ಮನುಷ್ಯ. ಅವನು ತಾನಾಗಿ ಬರುತ್ತಿದ್ದ, ಹೆಸರು ಹಿಡಿದು ಕರೆಯುತ್ತಿದ್ದ, ಬಾರದಿದ್ದರೆ ಯಾರನ್ನು ಕೇಳಬೇಕೆಂಬುದು ಗೊತ್ತಿತ್ತು. ಸಿಂಪ್ಯೂಟರಿನ ಹಂಚಿಕೆಯಲ್ಲಿ ಯಂತ್ರದ ವಿವರ ಸ್ಪಷ್ಟವಾಗಿತ್ತು, ಅದನ್ನು ಹಿಡಿದು ಬರುವವನ ಸ್ಥಾನ ಖಾಲಿಯಾಗಿತ್ತು. ಕಿರುಸಾಲದ ಕ್ಷೇತ್ರದಲ್ಲಿ ಅದರ ಬಳಕೆ ಸ್ವಲ್ಪಮಟ್ಟಿಗಾದರೂ ನಡೆಯಿತೆಂಬುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು. ಅಲ್ಲಿ ಯಂತ್ರವನ್ನು ಹಿಡಿಯುವವನೊಬ್ಬ ಮೊದಲೇ ಇದ್ದ.

ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸದಲ್ಲಿಯೂ ಸಿಂಪ್ಯೂಟರನ್ನು ಬಳಸಿತು. ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾಗಿ, ತಾಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿಗೆ ಪ್ರತಿ ದೊರೆಯುವಂತಾಗಿತ್ತು. ಬೈಂದೂರಿನ ರೈತನಿಗೆ ತಾಲೂಕು ಕಚೇರಿಯೆಂದರೆ ಮೂವತ್ತು ಕಿಲೋಮೀಟರಿಗೂ ಮಿಕ್ಕ ದೂರದ ಕುಂದಾಪುರ. ದಾಖಲೆ ಹೊಲದ ಬದುವಿಗೇ ಬಂದರೆ ಎಂಬ ಆಸೆ ಸಹಜವೇ. ಆದರೆ ಕಡ್ಡಿಯಿಂದ ಪಟ್ಟಿಯೊಂದನ್ನು ಮುಟ್ಟಿ ವಿವರ ತುಂಬುವ ಯಂತ್ರದಲ್ಲಿ ಎಲ್ಲವೂ ಆ ಪಟ್ಟಿಯಲ್ಲಿರುವ ಪದಗಳ ಮೇಲೆ ನಿಂತಿದೆ. ಈ ಸೀಮೆಯ ಗದ್ದೆಗಳು ಬೈಲು, ಮಜಲು, ಬೆಟ್ಟು ಎಂದು ವಿಂಗಡಗೊಂಡಿವೆ. ಬೆಳೆಗಳು ಕಾರ್ತಿ, ಸುಗ್ಗಿ, ಕೊಳಕೆ ಎಂಬ ಹೆಸರಿನವು. ವರ್ಗದ ಜಮೀನಿಗೆ ಹೊಂದಿದ ಕುಮ್ಕಿಯ ಹಕ್ಕು ಘಟ್ಟದ ಮೇಲಿನವರಿಗೆ ಅಪರಿಚಿತ. ಇಡೀ ರಾಜ್ಯಕ್ಕೆ ಒಂದೇ ನಮೂನೆ ಎಂಬ ಅನುಕೂಲವನ್ನು ಪಡೆಯಲು ಇಂತಹ ಭೇದಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಇದು ಯಂತ್ರಕ್ಕೆ ಮೊದಲು ಕಾಗದದಲ್ಲೇ ಆಗಿದ್ದ ರಾಜಿ. ಯಂತ್ರ ಅದನ್ನು ಗಟ್ಟಿಮಾಡುತ್ತದೆ.

ಓದಲು ಬಾರದವರಿಗೂ ಬಳಸಲು ಬರಬೇಕೆಂಬುದು ಸಿಂಪ್ಯೂಟರಿನ ಮುಖ್ಯ ಪ್ರತಿಜ್ಞೆಯಾಗಿತ್ತು. ಅದಕ್ಕಾಗಿ ರಮೇಶ್ ಹರಿಹರನ್ ಅವರು ಪಠ್ಯವನ್ನು ಉಚ್ಚರಿಸುವ ‘ಧ್ವನಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಹಿಂದಿಯೊಡನೆ ಕನ್ನಡವೂ ಅದರ ಮೊದಲ ಭಾಷೆಗಳಲ್ಲಿ ಸೇರಿತ್ತು. ಬೆಂಗಳೂರಿನ ಅಂಗೈ ಯಂತ್ರವೊಂದು ಆ ಕಾಲಕ್ಕೆ ಕನ್ನಡ ನುಡಿಯಿತೆಂಬುದು ಕಡಿಮೆ ಸಾಧನೆಯಲ್ಲ. ಆದರೆ ಅದು ಗ್ರಂಥಸ್ಥ ಕನ್ನಡ; ಬರೆದುದನ್ನು ಬರೆದಂತೆಯೇ ಓದುವ ಕನ್ನಡ. ಕುಂದಾಪುರದ ಮನೆಗಳಲ್ಲಿ ‘ಹೋಗುತ್ತೇನೆ’ ಎಂಬುದು ‘ಹೋತೆ’ ಆಗುತ್ತದೆ, ‘ಬರುತ್ತೇನೆ’ ಎಂಬುದು ‘ಬತ್ತೆ’ ಆಗುತ್ತದೆ, ‘ಹೋಗಬೇಕು, ಬರಬೇಕು’ ಎಂಬವು ‘ಹೋಯ್ಕ್, ಬರ್ಕ್’ ಎಂದು ತುಂಡಾಗುತ್ತವೆ. ಶಾಲೆಗೆ ಹೋದವನಿಗೆ ಗ್ರಂಥಭಾಷೆ ಪರಿಚಿತ. ಹೋಗದವನಿಗಾಗಿಯೇ ಧ್ವನಿಯನ್ನು ಸೇರಿಸಲಾಗಿತ್ತು ಎಂಬಲ್ಲಿ ತೊಡಕಿದೆ. ಅಕ್ಷರ ಬಾರದವನಿಗೆ ಅಕ್ಷರದ ಕನ್ನಡವನ್ನೇ ಕಿವಿಗೆ ಹಾಕಿದಂತಾಯಿತು.

2004ರ ಮಾರ್ಚ್ ತಿಂಗಳಲ್ಲಿ ಪಿಕೊಪೇಟ ಸಂಸ್ಥೆ, ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡ ಸಿಂಪ್ಯೂಟರ್’ ಅನ್ನು ಬಿಡುಗಡೆ ಮಾಡಿತು. ಬಣ್ಣವಿಲ್ಲದ ಮಾದರಿಗೆ 9,950 ರೂಪಾಯಿ, ಬಣ್ಣದ ಪರದೆಯದಕ್ಕೆ 19,950. ಯಂತ್ರವನ್ನು ಓರೆಮಾಡಿದರೆ ಅರಿಯುವ ಚಲನ ಸಂವೇದಕ ಅದರಲ್ಲಿತ್ತು. ಐಫೋನ್ ಬಂದದ್ದು ಮೂರು ವರ್ಷಗಳ ಅನಂತರ. ಪರದೆಯ ಮೇಲೆ ಕೈಬರಹದಲ್ಲಿ ಬರೆದುದನ್ನು ಹಾಗೆಯೇ ಅಂಚೆಯಾಗಿ ಕಳುಹಿಸಬಹುದಿತ್ತು. ಈ ಒಂದು ಉಪಾಯ ಲಿಪಿಯ ಸಮಸ್ಯೆಯನ್ನು ಬಿಡಿಸದೆಯೇ ದಾಟಿತು: ಯಂತ್ರಕ್ಕೆ ಕನ್ನಡ ತಿಳಿಯಬೇಕಾಗಿಲ್ಲ, ಓದುವವನಿಗೆ ತಿಳಿದರೆ ಸಾಕು. ಆದರೂ 2005ರ ವರದಿಗಳಂತೆ, 50,000ದ ಗುರಿಯೆದುರು ಮಾರಾಟವಾದವು ಸುಮಾರು 4,000. ಅವುಗಳಲ್ಲಿ ಗ್ರಾಮೀಣ ಬಳಕೆಗೆ ಹೋದವು ಹತ್ತರಲ್ಲೊಂದು ಭಾಗ.

ಆ ಹೊತ್ತಿಗೆ ಊರಿನ ಬಳಕೆದಾರ ತನ್ನ ಆಯ್ಕೆಯನ್ನು ಮಾಡಿಯಾಗಿತ್ತು. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಸಂಚಾರಿ ಸೇವೆ ಆರಂಭವಾಯಿತು. 2003ರ ಮೇ ತಿಂಗಳಿನಿಂದ ಒಳಬರುವ ಕರೆಗೆ ಹಣ ಕೊಡಬೇಕಾಗಿರಲಿಲ್ಲ. ಅದೇ ವರ್ಷ ನೋಕಿಯಾ 1100 ಬಂದಿತು. ಅದರಲ್ಲಿ ಕಡತವಿಲ್ಲ, ಸ್ಪರ್ಶಪರದೆಯಿಲ್ಲ. ಧೂಳು ಹೊಗದ ಒಂದೇ ಹಾಳೆಯ ಕೀಲಿಮಣೆ, ಜಾರದ ಅಂಚು, ನೆತ್ತಿಯಲ್ಲೊಂದು ಟಾರ್ಚು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಗಾಳಿ ಬೀಸಿದರೆ ಕರೆಂಟು ಹೋಗುವ, ಯಕ್ಷಗಾನ ಬಯಲಾಟ ನೋಡಿ ತೋಟದ ದಾರಿಯಲ್ಲಿ ಮನೆಗೆ ಬರುವ ಸೀಮೆಯಲ್ಲಿ ಆ ಟಾರ್ಚಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಕಟ್ಟಿಟ್ಟರೂ ಅದರ ಗುಂಡಿಗಳನ್ನು ಒತ್ತಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ದುಡಿಯುವ ಮಗನ ಸ್ವರ ಅದರಲ್ಲಿ ಕೇಳುತ್ತಿತ್ತು.

ಮೀನುಗಾರರ ವಿಷಯದಲ್ಲಿ ನಮಗೆ ನೆರೆಯ ಜಿಲ್ಲೆಗಳ ಖಚಿತ ಅಧ್ಯಯನ ದೊರೆಯುತ್ತದೆ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಬೂತಾಯಿ ಮೀನುಗಾರರನ್ನು ಕುರಿತು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, 1997ರಿಂದ 2001ರ ನಡುವೆ ಸಂಚಾರಿ ದೂರವಾಣಿ ಬಂದ ಬಳಿಕ ದೋಣಿಯಿಂದಲೇ ಧಾರಣೆ ವಿಚಾರಿಸಿ ದಡ ಆರಿಸಿಕೊಳ್ಳುವುದು ಸಾಧ್ಯವಾಯಿತು. ಕೊಳ್ಳುವವರಿಲ್ಲದೆ ಮೀನು ಹಾಳಾಗುವುದು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಗ್ರಾಹಕ ತೆರುವ ಬೆಲೆ ಶೇ. 4ರಷ್ಟು ಇಳಿಯಿತು. ಇದೆಲ್ಲವೂ ಕೇವಲ ಮಾತಿನಿಂದ ನಡೆದದ್ದು. ಅದೇ ಕರಾವಳಿಯ ಗಂಗೊಳ್ಳಿ, ಮರವಂತೆ, ಉಪ್ಪುಂದಗಳ ಮೀನುಗಾರ ಇದಕ್ಕಿಂತ ಭಿನ್ನವಾದುದನ್ನು ಬಯಸಿದ್ದನೆಂದು ಭಾವಿಸಲು ಕಾರಣವಿಲ್ಲ. ಮಾಹಿತಿಯನ್ನು ಓದಿ ಹೇಳುವ ಯಂತ್ರ ಬೇಕೆಂದು ವಿನ್ಯಾಸಕಾರರು ಭಾವಿಸಿದ್ದರು. ಮಾಹಿತಿ ಬಲ್ಲ ಮನುಷ್ಯನನ್ನು ತಲಪಿಸುವ ಯಂತ್ರ ಬಳಕೆದಾರನಿಗೆ ಬೇಕಾಗಿತ್ತು.

ಈ ಆಯ್ಕೆಯಲ್ಲಿ ಸಿಂಪ್ಯೂಟರ್ ಕೊಡಲು ಹೊರಟಿದ್ದ ಒಂದು ವಸ್ತು ಕೈತಪ್ಪಿಹೋಯಿತು. ಅದು ಕನ್ನಡ. ಸಂಚಾರಿ ದೂರವಾಣಿಯ ಸಂದೇಶಕ್ಕೆ ನಿಗದಿಯಾದ ಜಾಗ 140 ಬೈಟ್. ರೋಮನ್ ಲಿಪಿಯಲ್ಲಿ ಅಷ್ಟರಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡ ಲಿಪಿಯನ್ನು ಯುನಿಕೋಡಿನಲ್ಲಿ ಕಳುಹಿಸಿದರೆ 70 ಸಂಕೇತ ಮಾತ್ರ. ಕಾಗುಣಿತದ ಚಿಹ್ನೆ, ಅನುಸ್ವಾರ, ವಿರಾಮ ಒಂದೊಂದೂ ಒಂದೊಂದು ಸಂಕೇತವಾಗಿ ಎಣಿಕೆಗೆ ಬರುತ್ತದೆ. ‘ಕುಂದಾಪುರ ಬೈಂದೂರು ಬ್ರಹ್ಮಾವರ’ ಎಂದು ಬರೆಯಲು, ಎರಡು ತೆರಪುಗಳೂ ಸೇರಿ, 26 ಸಂಕೇತಗಳು ಬೇಕು. ಸಂದೇಶದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಲ್ಲಿಗೇ ಮುಗಿಯಿತು. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ 28 ಅಕ್ಷರಗಳಾದರೂ ಐದನೆಯ ಒಂದು ಪಾಲಿಗಿಂತ ಕಡಿಮೆ ಜಾಗ. ಇದನ್ನು ಯಾರೂ ದುರುದ್ದೇಶದಿಂದ ಮಾಡಲಿಲ್ಲ. ಯುರೋಪಿನ ಭಾಷೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಮಾನಕದ ಫಲವಿದು. ಕೀಲಿಮಣೆಯದೂ ಇದೇ ಕಥೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು 26 ಇಂಗ್ಲಿಷ್ ಕೀಲಿಗಳ ಮೇಲೆ ಕನ್ನಡವನ್ನು ಧ್ವನಿಯ ಆಧಾರದಿಂದ ಜಾಣತನದಿಂದ ಹೊಂದಿಸಿದ್ದರು, ‘ನುಡಿ’ ತಂತ್ರಾಂಶದ ಮೂಲಕ ಅದು ನಾಡಿನಾದ್ಯಂತ ಹರಡಿತ್ತು. ಹನ್ನೆರಡು ಗುಂಡಿಗಳ ದೂರವಾಣಿಗೆ ಆ ಜಾಣತನವನ್ನು ಸಾಗಿಸಲು ಎಡೆಯಿರಲಿಲ್ಲ.

ಅಂತರಜಾಲ ಕೈಗೆ ಬಂದ ಮೇಲೂ ಕನ್ನಡದ ಬದಲು ಸಾಲುಸಾಲು ಚೌಕಗಳೇ ಕಾಣಿಸುತ್ತಿದ್ದವು. ಒಪೆರಾ ಮಿನಿ ಎಂಬ ವೀಕ್ಷಕದ ಒಳಸಂಯೋಜನೆಯಲ್ಲಿ ಒಂದು ಗುಪ್ತ ಆಯ್ಕೆಯಿತ್ತು: ಸಂಕೀರ್ಣ ಲಿಪಿಗಳನ್ನು ದೂರದ ಗಣಕವೇ ಚಿತ್ರವಾಗಿಸಿ ಕಳುಹಿಸುತ್ತಿತ್ತು. ಹೆಚ್ಚಿನ ದತ್ತಾಂಶ ವೆಚ್ಚಕ್ಕೆ ಒಪ್ಪಿದವರು ಹೀಗೆ ಕನ್ನಡ ಓದಿದರು. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡಿದ್ದು 2012ರ 4.1ನೆಯ ಆವೃತ್ತಿಯಿಂದ, ಆದೇಶಪಟ್ಟಿ ಕನ್ನಡದಲ್ಲಿ ಬಂದದ್ದು 2014ರಲ್ಲಿ. ಐಫೋನಿಗೆ ಕನ್ನಡ ಕೀಲಿಮಣೆ 2017ರಲ್ಲಿ ಬಂದಿತು, ಮೊದಲ ಐಫೋನ್ ಬಂದ ಹತ್ತು ವರ್ಷಗಳ ಮೇಲೆ.

ಇಷ್ಟು ಕಾಲ ಬಳಕೆದಾರರು ಸುಮ್ಮನೆ ಕೂರಲಿಲ್ಲ. ಪಾಮ್ ಪೈಲಟಿನ ಬಳಕೆದಾರರು ಹೊಸ ಅಕ್ಷರಾಕಾರ ಕಲಿತಂತೆ ಇವರು ರೋಮನ್ ಲಿಪಿಯಲ್ಲಿ ಕನ್ನಡ ಬರೆಯಲು ಕಲಿತರು. ಇದನ್ನು ಕೇವಲ ನಷ್ಟವೆಂದು ಪರಿಗಣಿಸುವವರೊಡನೆ ನನಗೆ ಪೂರ್ಣ ಸಹಮತವಿಲ್ಲ. ‘ಹೋಯ್ಕ್’ ಎಂಬುದಕ್ಕೆ ಕನ್ನಡ ಲಿಪಿಯಲ್ಲಿ ಎರಡು ವಿರಾಮಗಳೂ ಸೇರಿ ಆರು ಸಂಕೇತ. ರೋಮನ್ನಿನಲ್ಲಿ ನಾಲ್ಕೇ ಅಕ್ಷರ. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಕನ್ನಡ ಲಿಪಿಯಲ್ಲಿ ಬರೆಯಹೊರಟ ಕೈಗೆ ಶಾಲೆಯ ಶುದ್ಧಬರಹದ ಅಂಜಿಕೆಯಿತ್ತು. ಪತ್ರ ಬರೆಯುವಾಗ ‘ಹೋಗಬೇಕು’ ಎಂದು ತಿದ್ದಿಕೊಳ್ಳುತ್ತಿದ್ದವರೇ ಸಂದೇಶದಲ್ಲಿ ಮಾತಿನ ರೂಪವನ್ನೇ ಒತ್ತಿದರು; ಪರಕೀಯ ಲಿಪಿಗೆ ಕನ್ನಡದ ವ್ಯಾಕರಣ ಕಾವಲಿರಲಿಲ್ಲ. ನಾಟಕ, ಹಾಸ್ಯ, ಪತ್ರಿಕಾ ಅಂಕಣಗಳ ಹೊರಗೆ ಕುಂದಾಪ್ರ ಕನ್ನಡವನ್ನು ಸಾಮಾನ್ಯರು ದಿನನಿತ್ಯದ ವ್ಯವಹಾರಕ್ಕಾಗಿ ಬರೆಯತೊಡಗಿದ್ದು ಇಲ್ಲಿಂದಲೇ ಇರಬಹುದೆಂಬುದು ನನ್ನ ಊಹೆ. 2019ರಿಂದ ಆಸಾಡಿ ಅಮಾವಾಸ್ಯೆಯಂದು ಆಚರಣೆಯಾಗುತ್ತಿರುವ ವಿಶ್ವ ಕುಂದಾಪ್ರ ಕನ್ನಡ ದಿನದ ಶುಭಾಶಯಗಳು ಕನ್ನಡ ಲಿಪಿಯಲ್ಲೇ ಹರಿದಾಡುತ್ತವೆ. ಆದರೆ ಅವುಗಳ ಹಿಂದೆ ರೋಮನ್ ಲಿಪಿಯಲ್ಲಿ ಕಳೆದ ಸುಮಾರು ಒಂದು ದಶಕವಿದೆ.

ಆ ದಶಕದ ಬರಹವನ್ನು ಸಂಶೋಧಕರು ಎಲ್ಲಿ ಹುಡುಕಬೇಕು ಎಂಬುದು ಈಗಿನ ಪ್ರಶ್ನೆ. ಕಾಗದದ ಪತ್ರಗಳು ಅಟ್ಟದ ಪೆಟ್ಟಿಗೆಯಲ್ಲಾದರೂ ಸಿಗುತ್ತವೆ. ಅಗ್ಗದ ದೂರವಾಣಿಯ ಬೆಲೆ ಇಳಿಸಲು ಮಾಡಿಕೊಂಡ ರಾಜಿಗಳಲ್ಲಿ ಸ್ಮರಣಕೋಶವೂ ಒಂದು. ಸಿಮ್ ಕಾರ್ಡಿನಲ್ಲಿಯೂ ಯಂತ್ರದಲ್ಲಿಯೂ ಕೆಲವು ಹತ್ತುಗಳಷ್ಟು ಸಂದೇಶಗಳಿಗೆ ಮಾತ್ರ ಎಡೆಯಿತ್ತು. ಅದು ತುಂಬಿದಾಗ ಪರದೆಯ ಮೇಲೆ ಸೂಚನೆ ಮಿನುಗುತ್ತಿತ್ತು, ಹಳೆಯದೊಂದನ್ನು ಅಳಿಸುವವರೆಗೆ ಹೊಸ ಸಂದೇಶ ಒಳಬರುತ್ತಿರಲಿಲ್ಲ.