ಎಗ್ಮೋರಿನ ಹುಡುಗರು, ಮೈಸೂರಿನ ನೆಲ

ಮಂಗಳೂರಿನಿಂದ ಹೊರಟು ಕಾಸರಗೋಡು, ಪಾಲಕ್ಕಾಡು, ತಿರುಚಿರಾಪಳ್ಳಿಗಳ ದಾರಿಯಾಗಿ ಬರುವ ರೈಲು ಈಗ ಚೆನ್ನೈನ ಎಗ್ಮೋರ್ ನಿಲ್ದಾಣದಲ್ಲಿ ನಿಲ್ಲುತ್ತದೆ. ನಮ್ಮ ಕಾಲದಲ್ಲಿ ಊರಿನ ಗಾಡಿ ಸೆಂಟ್ರಲ್ ನಿಲ್ದಾಣಕ್ಕೆ ಬರುತ್ತಿತ್ತು. ಆದರೂ ಮದರಾಸೆಂದರೆ ನಮ್ಮ ನೆನಪಿಗೆ ಮೊದಲು ಬರುವುದು ಎಗ್ಮೋರೇ. ನಮ್ಮ ಬದುಕಿನ ದೊಡ್ಡ ಪರೀಕ್ಷೆಯೊಂದನ್ನು ಬರೆದದ್ದು ಅಲ್ಲಿ.

ಡಿಪ್ಲೊಮಾ ಮುಗಿಸಿ ಮದರಾಸಿನ ಕಟ್ಟಡದ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆವು. ಕಾಲೇಜಿಗೆ ಮತ್ತೆ ಹೋಗುವ ಅನುಕೂಲವಿರಲಿಲ್ಲ. ನಮ್ಮಂಥವರಿಗೆ ಇದ್ದ ದಾರಿ ಎ.ಎಂ.ಐ.ಇ. ಪರೀಕ್ಷೆ. 1920ರಲ್ಲಿ ಸ್ಥಾಪನೆಯಾಗಿ 1935ರಲ್ಲಿ ರಾಜಸನ್ನದು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಈ ಪರೀಕ್ಷೆಯನ್ನು ಗೆದ್ದವನು, ದುಡಿಯುತ್ತಲೇ ಓದಿದವನಾದರೂ, ಪದವೀಧರನ ಸಾಲಿನಲ್ಲಿ ನಿಲ್ಲಬಲ್ಲವನಾಗಿದ್ದನು. ಭಾನುವಾರಗಳಂದು ಎಗ್ಮೋರಿನ ಕನ್ನೆಮರಾ ಗ್ರಂಥಾಲಯದಲ್ಲಿ ಕುಳಿತು ಓದುತ್ತಿದ್ದೆವು. ಪರೀಕ್ಷೆ ನಡೆದದ್ದು ಅದೇ ಬಡಾವಣೆಯ ಶಾಲೆಯೊಂದರ ಸಭಾಂಗಣದಲ್ಲಿ.

ಭೂಮಾಪನದ ಪತ್ರಿಕೆಯಲ್ಲಿ ಒಂದು ಟ್ರಾವರ್ಸ್ ಲೆಕ್ಕವಿತ್ತು. ಒಂದು ಕಲ್ಲಿನಿಂದ ಹೊರಟು, ಗೆರೆಗಳ ಉದ್ದವನ್ನೂ ದಿಕ್ಕನ್ನೂ ಅಳೆಯುತ್ತ ಜಮೀನನ್ನು ಸುತ್ತಿ, ಹೊರಟ ಕಲ್ಲಿಗೇ ಮರಳುವುದು ಟ್ರಾವರ್ಸ್. ಉತ್ತರಕ್ಕೆ ನಡೆದದ್ದೆಲ್ಲ ದಕ್ಷಿಣಕ್ಕೆ ನಡೆದದ್ದರೊಂದಿಗೆ, ಪೂರ್ವಕ್ಕೆ ನಡೆದದ್ದು ಪಶ್ಚಿಮಕ್ಕೆ ನಡೆದದ್ದರೊಂದಿಗೆ ಸರಿದೂಗಬೇಕು. ಅಲ್ಪ ಅಂತರ ಉಳಿದರೆ ಅದನ್ನು ಎಲ್ಲ ಗೆರೆಗಳಿಗೂ ಹಂಚುವ ನಿಯಮವುಂಟು. ಹೆಚ್ಚು ಉಳಿದರೆ ಎಲ್ಲಿಯೋ ತಪ್ಪಿದೆಯೆಂದೇ ಅರ್ಥ. ನಮ್ಮ ಲೆಕ್ಕದಲ್ಲಿ ಹೆಚ್ಚು ಉಳಿದಿತ್ತು. ಉತ್ತರಪತ್ರಿಕೆ ಕೊಡಲು ಇಪ್ಪತ್ತು ನಿಮಿಷಗಳಿದ್ದವು. ಲಾಗರಿತಮ್ ಪುಸ್ತಕವನ್ನು ಮತ್ತೆ ತೆರೆದು ಒಂದೊಂದೇ ಗೆರೆಯನ್ನು ಹಿಂದಿನಿಂದ ನೋಡುತ್ತ ಬಂದೆವು. ಮೂರನೆಯ ಗೆರೆಯ ಪೂರ್ವದ ಅಳತೆಯನ್ನು ಪಶ್ಚಿಮದ ಕಂಬದಲ್ಲಿ ಬರೆದಿದ್ದೆವು. ತಿದ್ದಿದಾಗ ಲೆಕ್ಕ ಕೂಡಿತು. ಕೈ ಮಾತ್ರ ಇನ್ನೂ ನಡುಗುತ್ತಿತ್ತು.

ಈ ದೇಶದ ಭೂಮಾಪಕರ ಮೊದಮೊದಲ ಶಾಲೆಗೆ ಹುಡುಗರನ್ನು ಆರಿಸಿದ್ದು ಇದೇ ಎಗ್ಮೋರಿನಿಂದ ಎಂಬ ಸಂಗತಿ ಅಂದು ನಮಗೆ ಗೊತ್ತಿರಲಿಲ್ಲ. ಆ ಹುಡುಗರು ಅಳೆದ ನೆಲದಲ್ಲಿ ಕನ್ನಡ ನಾಡಿನ ಬಹುಭಾಗವೂ ಸೇರಿತ್ತು ಎಂಬುದು ಇನ್ನೂ ತಡವಾಗಿ ತಿಳಿಯಿತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎಗ್ಮೋರ್ ಮದರಾಸು ಕೋಟೆಯ ಹೊರವಲಯ. ಇಂದಿನ ರೈಲು ನಿಲ್ದಾಣದ ಆಸುಪಾಸಿನಲ್ಲಿ ಎಗ್ಮೋರ್ ರಿಡೌಟ್ ಎಂಬ ಚಿಕ್ಕ ಕೋಟೆಯಿತ್ತು. ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ತನ್ನ ಖಾಸಗಿ ಖಗೋಳ ವೀಕ್ಷಣಾಲಯವನ್ನು ಕಟ್ಟಿದ್ದು ಎಗ್ಮೋರಿನಲ್ಲಿ. ಮುಂದೆ ಕಂಪನಿಯು ಅದನ್ನು ವಹಿಸಿಕೊಂಡಿತು; 1792ರಲ್ಲಿ ಅದು ನುಂಗಂಬಾಕ್ಕಂಗೆ ಸ್ಥಳಾಂತರವಾಯಿತು. 1789ರಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಒಂದು ಆಶ್ರಮ ಎಗ್ಮೋರಿನಲ್ಲಿ ಆರಂಭವಾಯಿತು. ಆಂಡ್ರೂ ಬೆಲ್ ಎಂಬ ಪಾದ್ರಿ ಅದರ ಮೇಲ್ವಿಚಾರಕ. ಮಲಬಾರಿನ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು ಆತ ಅದನ್ನು ತನ್ನ ಶಾಲೆಗೆ ತಂದನು. ಉಪಾಧ್ಯಾಯರು ಒಪ್ಪದಿದ್ದಾಗ ಹುಡುಗರ ಕೈಯಿಂದಲೇ ಕಿರಿಯರಿಗೆ ಪಾಠ ಹೇಳಿಸಿದನು. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ‘ಮದರಾಸು ಪದ್ಧತಿ’ ಇಂಗ್ಲೆಂಡಿನಲ್ಲಿ ಹೆಸರಾಯಿತು. ನಮ್ಮ ಹಳ್ಳಿಯ ಐಗಳ ಮಠಗಳಲ್ಲಿ ಮರಳ ಮೇಲೆ ಓಂಕಾರ ತಿದ್ದಿದವರಿಗೆ ಇದು ಅಷ್ಟೇನೂ ಹೊಸದಾಗಿ ತೋರದು.

ಆ ಆಶ್ರಮದ ಹುಡುಗರಲ್ಲಿ ಬಹುಮಂದಿಯ ತಂದೆ ಯುರೋಪಿಯನ್ ಸೈನಿಕ, ತಾಯಿ ಈ ನೆಲದವಳು. ಅವರ ಮುಂದೆ ಬಾಗಿಲುಗಳು ಮುಚ್ಚುತ್ತಿದ್ದ ಕಾಲವದು. ಭಾರತೀಯ ತಾಯಿಯ ಮಗನಿಗೆ ಕಂಪನಿಯ ನಾಗರಿಕ, ಸೈನಿಕ, ನೌಕಾ ಸೇವೆಗಳಲ್ಲಿ ನೇಮಕವಿಲ್ಲವೆಂದು 1791ರಲ್ಲಿ ಕಂಪನಿಯ ನಿರ್ದೇಶಕರು ನಿಯಮ ಮಾಡಿದರು. 1795ರಲ್ಲಿ ಸೈನ್ಯದ ಬಾಗಿಲೂ ಮುಚ್ಚಿತು. ತಮಟೆ ಬಾರಿಸುವವರಾಗಿ, ಕೊಳಲೂದುವವರಾಗಿ, ಕುದುರೆಗೆ ಲಾಳ ಕಟ್ಟುವವರಾಗಿ ಮಾತ್ರ ಅವರು ಇರಬಹುದಾಗಿತ್ತು. ಗಣಿತ ಕಲಿತ ಹುಡುಗನಿಗೆ ಉಳಿದ ಕೆಲವೇ ದಾರಿಗಳಲ್ಲಿ ಭೂಮಾಪನ ಒಂದು.

ಆ ದಾರಿಯನ್ನು ತೆರೆದವನು ಮೈಕೆಲ್ ಟಾಪಿಂಗ್. ಕಂಪನಿಯ ನೌಕಾ ಸರ್ವೇಕ್ಷಕನೂ ಖಗೋಳಜ್ಞನೂ ಆಗಿದ್ದ ಆತನ ಸಲಹೆಯ ಮೇರೆಗೆ 1794ರ ಮೇ 17ರಂದು ಸರ್ವೆ ಶಾಲೆ ಆರಂಭವಾಯಿತು. ಮೊದಲ ವಿದ್ಯಾರ್ಥಿಗಳು ಎಂಟು ಮಂದಿ. ಅನಾಥಾಶ್ರಮದ ಹುಡುಗರನ್ನು ಆರಿಸಿ, ವೀಕ್ಷಣಾಲಯದ ಆಶ್ರಯದಲ್ಲಿ ರೇಖಾಗಣಿತ, ನಕ್ಷೆ, ಉಪಕರಣಗಳ ಬಳಕೆ ಇವನ್ನು ಕಲಿಸುವುದು ಯೋಜನೆ. 1796ರಲ್ಲಿ ಟಾಪಿಂಗ್ ತೀರಿಕೊಂಡ ಮೇಲೆ ಜಾನ್ ಗೋಲ್ಡಿಂಗ್‌ಹ್ಯಾಮ್ ಅದನ್ನು ನಡೆಸಿದನು. ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜು ತನ್ನ ಹುಟ್ಟುದಿನವನ್ನು ಈ ಎಂಟು ಹುಡುಗರಿಂದಲೇ ಎಣಿಸುತ್ತದೆ.

ಶಾಲೆ ಆರಂಭವಾದ ವರ್ಷವೇ ಆಶ್ರಮದ ಹುಡುಗನೊಬ್ಬ ಕನ್ನಡ ನಾಡಿನಲ್ಲಿ ವಿಚಿತ್ರವಾದೊಂದು ಪರೀಕ್ಷೆಯನ್ನು ಎದುರಿಸಿದನು. 1792ರ ಒಪ್ಪಂದದಂತೆ ಒತ್ತೆಯಾಳುಗಳಾಗಿ ಮದರಾಸಿನಲ್ಲಿದ್ದ ಟಿಪ್ಪುವಿನ ಇಬ್ಬರು ಮಕ್ಕಳನ್ನು 1794ರಲ್ಲಿ ದೇವನಹಳ್ಳಿಯಲ್ಲಿ ತಂದೆಗೆ ಒಪ್ಪಿಸಲಾಯಿತು. ಅವರನ್ನು ಕರೆದೊಯ್ದ ಕ್ಯಾಪ್ಟನ್ ಡವ್ಟನ್ನನ ತಂಡದಲ್ಲಿ ಬೆಲ್ಲನ ಶಿಷ್ಯ ವಿಲಿಯಂ ಸ್ಮಿತ್ ಎಂಬ ಹದಿಹರೆಯದವನಿದ್ದನು. ವಿಜ್ಞಾನದ ಉಪಕರಣಗಳನ್ನು ಹೊತ್ತು ಹೋಗಿ ಸುಲ್ತಾನನ ಸಮ್ಮುಖದಲ್ಲಿ ಪ್ರಯೋಗಗಳನ್ನು ನಡೆಸಿ ತೋರಿಸುವುದು ಅವನ ಪಾಲಿನ ಕೆಲಸ. ಯಂತ್ರಗಳಲ್ಲಿ ಕುತೂಹಲವಿದ್ದ ಅರಸನೆದುರು, ಯುದ್ಧ ನಿಂತು ಎರಡೇ ವರ್ಷಗಳಾಗಿದ್ದಾಗ, ಅನಾಥಾಶ್ರಮದ ಹುಡುಗನೊಬ್ಬ ಒಬ್ಬಂಟಿಯಾಗಿ ನಿಂತು ತಾನು ಕಲಿತದ್ದನ್ನು ಒಪ್ಪಿಸಿದ ಆ ಗಳಿಗೆಯನ್ನು ನಮ್ಮ ಇತಿಹಾಸ ಪುಸ್ತಕಗಳಲ್ಲಿ ಕಾಣುವುದು ಅಪರೂಪ.

ಐದು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು; ಮೈಸೂರು ರಾಜ್ಯ ಹಂಚಿಹೋಯಿತು. ಹೊಸ ಗಡಿಗಳನ್ನು ಗುರುತಿಸುವ, ದೇಶವನ್ನು ಅಳೆಯುವ ಹೊಣೆ ಕಾಲಿನ್ ಮೆಕೆಂಜಿಯ ಹೆಗಲಿಗೆ ಬಂದಿತು. ಕೈಫಿಯತ್ತುಗಳ ಸಂಗ್ರಾಹಕನಾಗಿ ಮೆಕೆಂಜಿ ಕನ್ನಡಿಗರಿಗೆ ಪರಿಚಿತ. ‘ರಾಜಾವಳಿ ಕಥೆ’ಯ ದೇವಚಂದ್ರ 1804ರಲ್ಲಿ ಅವನನ್ನು ಕಂಡದ್ದೂ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಅವನ ಸಹಾಯಕನಾದದ್ದೂ ಸಾಹಿತ್ಯಚರಿತ್ರೆಯಲ್ಲಿ ದಾಖಲಾಗಿವೆ. ಆದರೆ ಕೈಫಿಯತ್ತುಗಳು ಮೆಕೆಂಜಿಯ ಆಸಕ್ತಿಯ ಫಲ. ಅವನ ಹುದ್ದೆಯ ಕೆಲಸ ನಕ್ಷೆ. ಸುಮಾರು 40,000 ಚದರ ಮೈಲಿಗಳನ್ನು ಒಳಗೊಂಡ ಆ ಮೋಜಣಿಯಲ್ಲಿ ಸರಪಣಿ ಹಾಸಿ, ಕೋನ ನೋಡಿ, ರಾತ್ರಿ ಗುಡಾರದಲ್ಲಿ ನಕ್ಷೆಯ ಪ್ರತಿ ತೆಗೆದವರಲ್ಲಿ ಮದರಾಸು ಸರ್ವೆ ಶಾಲೆಯಿಂದ ಬಂದ ಹುಡುಗರಿದ್ದರು. ಮಲೆನಾಡಿನಂಚಿನ ಚಳಿಜ್ವರ ಅಧಿಕಾರಿಗಳನ್ನೂ ಹುಡುಗರನ್ನೂ ಒಂದೇ ರೀತಿ ಹಿಡಿಯಿತು. ಸಂಬಳ ಮತ್ತು ಪದವಿಗಳಲ್ಲಿ ಮಾತ್ರ ಆ ಸಮಾನತೆಯಿರಲಿಲ್ಲ.

ಅದೇ ಹೊತ್ತಿನಲ್ಲಿ ವಿಲಿಯಂ ಲ್ಯಾಂಬ್ಟನ್ ಮತ್ತೊಂದು ಬಗೆಯ ಅಳತೆಯನ್ನು ಕೈಗೊಂಡನು. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆಯಲು ತೊಡಗಿದನು. ನೂರು ಅಡಿಯ ಉಕ್ಕಿನ ಸರಪಣಿಯನ್ನು ಸುಮಾರು ನಾನೂರು ಬಾರಿ ಹಾಸಬೇಕಾಯಿತು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಪ್ರತಿ ಬಾರಿಯೂ ತಾಪಮಾನವನ್ನು ಬರೆದುಕೊಳ್ಳಬೇಕು. ಆ ಒಂದು ರೇಖೆಯಿಂದ ಮುಂದೆ ಎಲ್ಲವೂ ತ್ರಿಕೋನಗಳು: ಎರಡು ತುದಿಗಳಿಂದ ದೂರದ ಬೆಟ್ಟವೊಂದರ ಕೋನ ನೋಡಿದರೆ ಉಳಿದ ಬಾಹುಗಳು ಲೆಕ್ಕದಿಂದಲೇ ದೊರೆಯುತ್ತವೆ. ಹೀಗೆ ತ್ರಿಕೋನದಿಂದ ತ್ರಿಕೋನಕ್ಕೆ ಪಶ್ಚಿಮದತ್ತ ನಡೆದು ತಂಡವು ಮೈಸೂರು ಪ್ರಸ್ಥಭೂಮಿಯನ್ನೇರಿತು.

ಲ್ಯಾಂಬ್ಟನ್ನನ ಸಹಾಯಕರಲ್ಲಿ ಜೋಶುವಾ ಡಿ ಪೆನ್ನಿಂಗ್ ಇದ್ದನು. ಆತ ಅನಾಥಾಶ್ರಮದಲ್ಲಿ ಬೆಳೆದು ಸರ್ವೆ ಶಾಲೆಯಲ್ಲಿ ಕಲಿತವನು. ಇಡೀ ತಂಡದ ಪರೀಕ್ಷೆ ನಡೆದದ್ದು ಬೆಂಗಳೂರಿನ ಬಳಿ. 1804ರಲ್ಲಿ ಅಲ್ಲಿ ಸುಮಾರು ಏಳು ಮೈಲಿಯ ಮತ್ತೊಂದು ರೇಖೆಯನ್ನು ಸರಪಣಿಯಿಂದ ನೇರವಾಗಿ ಅಳೆದರು. ಆ ಅಳತೆಯನ್ನು ಮುನ್ನಡೆಸಿದವನು ಜಾನ್ ವಾರನ್. ಮೈಸೂರಿನ ಪೂರ್ವ ಗಡಿಯನ್ನು ಅಳೆಯುವಾಗ ಕೋಲಾರದ ಸೀಮೆಯ ಚಿನ್ನದ ಸುದ್ದಿಯನ್ನು ಬೆನ್ನಟ್ಟಿ ವರದಿ ಮಾಡಿದವನೂ ಅವನೇ. ಸುಮಾರು 160 ಮೈಲಿ ದೂರದ ಮದರಾಸಿನ ರೇಖೆಯಿಂದ ತ್ರಿಕೋನಗಳ ಸರಣಿಯ ಮೂಲಕ ಲೆಕ್ಕ ಹಾಕಿದ ಉದ್ದಕ್ಕೂ, ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ 3.7 ಅಂಗುಲ.

ಈ ಅಂಕಿಯನ್ನು ಓದಿದಾಗ ನಮಗೆ ಎಗ್ಮೋರಿನ ಸಭಾಂಗಣದ ಆ ಇಪ್ಪತ್ತು ನಿಮಿಷಗಳು ನೆನಪಾದವು. ನಮ್ಮ ಪ್ರಶ್ನೆಯ ಸರಿಯುತ್ತರ ಪರೀಕ್ಷಕರ ಬಳಿಯಿತ್ತು. ಬೆಂಗಳೂರಿನಲ್ಲಿ ಸರಿಯುತ್ತರವನ್ನು ಬಲ್ಲವರು ಯಾರೂ ಇರಲಿಲ್ಲ. ಎರಡು ಬೇರೆ ದಾರಿಗಳಿಂದ ಬಂದು ಒಂದೇ ಉದ್ದವನ್ನು ಕಂಡರೆ ಮಾತ್ರ ನಂಬಿಕೆ.

ಡಿ ಪೆನ್ನಿಂಗ್ ಈ ಕೆಲಸದಲ್ಲಿ ದಶಕಗಳನ್ನು ಕಳೆದನು. ಮುಂದೆ ಕಲ್ಕತ್ತೆಯಲ್ಲಿ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಲೆಕ್ಕದ ಕಚೇರಿಗೆ ಮುಖ್ಯಸ್ಥನಾದನು. ಅವನಂಥವರ ಕೌಶಲವನ್ನು ಮೇಲಧಿಕಾರಿಗಳು ಅವಲಂಬಿಸಿದ್ದರು. ಆದರೂ ಸರ್ವೇಕ್ಷಣೆಯ ಯಜಮಾನಿಕೆ ಸೈನ್ಯದ ಅಧಿಕಾರಿಗಳ ಕೈಯಲ್ಲೇ ಉಳಿಯಿತು. ಕೆಲಸದಲ್ಲಿ ತೇರ್ಗಡೆಯಾದವನನ್ನು ಹುಟ್ಟಿನ ಪರೀಕ್ಷೆಯಲ್ಲಿ ಹಿಂದೆ ನಿಲ್ಲಿಸುವುದು ನಮ್ಮ ಸಮಾಜಕ್ಕೂ ಅಪರಿಚಿತವಲ್ಲ.

ಮುಂದಿನ ಶತಮಾನದಲ್ಲಿ ಪರೀಕ್ಷೆ ನೆಲದಿಂದ ಕಾಗದಕ್ಕೆ ಏರಿತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಹಳೆಯ ಸರ್ವೆ ಶಾಲೆ 1859ರಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ, 1920ರಲ್ಲಿ ಗಿಂಡಿಯನ್ನು ಸೇರಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬರುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರು ಬರೆಯುತ್ತಿದ್ದುದು ಮದರಾಸಿನ ಪರೀಕ್ಷೆಗಳನ್ನೇ. ವಿಶ್ವೇಶ್ವರಯ್ಯನವರು 1881ರಲ್ಲಿ ಅಲ್ಲಿಂದ ಬಿ.ಎ. ಮುಗಿಸಿ ಪುಣೆಗೆ ಹೋಗಿ, 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗರಾದರು. ಅವರ ಪದವಿಯ ಹೆಸರಿನಲ್ಲಿಯೇ ‘ಲೈಸೆನ್ಷಿಯೇಟ್’, ಅಂದರೆ ಪರವಾನಗಿ ಪಡೆದವನು ಎಂಬ ಮಾತಿತ್ತು. ಸ್ವಾತಂತ್ರ್ಯಾನಂತರ ವಾಸ್ತುಶಿಲ್ಪಿಗಳಿಗೆ 1972ರಲ್ಲಿ ಕಾಯಿದೆ ಬಂದಿತು. ಎಂಜಿನಿಯರರಿಗೆ ದೇಶವ್ಯಾಪಿಯಾದ ಅಂಥ ಪರವಾನಗಿ ಇಂದಿಗೂ ಇಲ್ಲ. ಆಯಾ ನಗರದ ಪ್ರಾಧಿಕಾರವೇ ನೋಂದಣಿ ಮಾಡಿಕೊಳ್ಳಬೇಕು. ಚೆನ್ನೈನಲ್ಲಿ ಆ ಪ್ರಾಧಿಕಾರದ ಕಚೇರಿಯಿರುವುದು ಎಗ್ಮೋರಿನಲ್ಲೇ, ರೈಲು ನಿಲ್ದಾಣದ ಹತ್ತಿರದ ಗಾಂಧಿ ಇರ್ವಿನ್ ರಸ್ತೆಯಲ್ಲಿ. 1908ರಲ್ಲಿ ತೆರೆದ ಆ ನಿಲ್ದಾಣವನ್ನು ಕಟ್ಟಿದ ಗುತ್ತಿಗೆದಾರ ಸಾಮಿನಾದ ಪಿಳ್ಳೆ ಬೆಂಗಳೂರಿನವರು.

ಮದರಾಸಿನ ಅಳತೆ ನಮ್ಮ ಮನೆಯಂಗಳದಲ್ಲೂ ಉಳಿದಿದೆ. 66 ಅಡಿಯ ಗಂಟರ್ ಸರಪಣಿಯ ಅರ್ಧವನ್ನು, ಅಂದರೆ 33 ಅಡಿಯನ್ನು, ಬದಿಯಾಗಿಸಿಕೊಂಡ ಚೌಕ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಳೆಯ ಮೈಸೂರಿನವರು ಜಮೀನನ್ನು ಹೇಳುವುದು ಹೀಗೆ. ಮದರಾಸು ಪ್ರಾಂತದಲ್ಲಿ ಅದೇ ಎಕರೆಯನ್ನು ನೂರು ಸೆಂಟ್ಸ್ ಮಾಡಿದರು. 1956ರಲ್ಲಿ ದಕ್ಷಿಣ ಕನ್ನಡ ಮೈಸೂರಿಗೂ ಕಾಸರಗೋಡು ಕೇರಳಕ್ಕೂ ಸೇರಿದರೂ, ಗಡಿಯ ಎರಡೂ ಕಡೆಯ ಮನೆಗಳಲ್ಲಿ ಇಂದಿಗೂ ನಡೆಯುವುದು ಸೆಂಟ್ಸ್ ಲೆಕ್ಕ.

ನಮ್ಮ ಮನೆಯಲ್ಲೂ ಅಷ್ಟೇ. ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾಗದ ಹಿಡಿದು ಊರಿಗೆ ಹೋದಾಗ ತಂದೆಯವರು ಅದನ್ನು ಓದಿ, ಮಡಚಿ, ದೇವರ ಮುಂದಿಟ್ಟು, “ಹಾಗಾದರೆ ನಮ್ಮ ತೆಂಕು ಬದಿಯ ಗಡಿ ಒಮ್ಮೆ ನೋಡು” ಎಂದರು. ತೋಟದ ಆ ಮೂಲೆಯ ನಾಲ್ಕು ಸೆಂಟ್ಸ್ ಬಗ್ಗೆ ನೆರೆಯವರೊಂದಿಗೆ ಹಳೆಯ ಮನಸ್ತಾಪವಿತ್ತು. ಎರಡು ಮನೆಗಳ ನಡುವೆ ಊಟದ ಕರೆಯೂ ನಿಂತಿತ್ತು. ನಾವು ಕಲ್ಲಿನಿಂದ ಕಲ್ಲಿಗೆ ಅಳೆದು ಕಾಗದ ತೋರಿಸಿದೆವು. ನೆರೆಯ ಹಿರಿಯರು ಅದನ್ನು ಕೈಯಲ್ಲಿ ಹಿಡಿಯಲಿಲ್ಲ. “ನೀನು ಪಾಸಾದ್ದು ಸಂತೋಷವೇ ಮಗ. ಇನ್ನು ನನ್ನ ಕಲ್ಲಿನಿಂದ ಹೊರಟು ಒಮ್ಮೆ ಅಳೆ” ಎಂದರು.

ಮರುದಿನ ಅವರ ಕಲ್ಲಿನಿಂದ ಹೊರಟೆವು. ಸರಪಣಿಯ ಒಂದು ತುದಿಯನ್ನು ಅವರ ಮಗನೇ ಹಿಡಿದನು. ಸಂಜೆಗೆ ಸುತ್ತಿ ಅದೇ ಕಲ್ಲಿಗೆ ಮರಳಿದಾಗ ಉಳಿದ ಅಂತರ ಅಂಗೈಯಗಲಕ್ಕಿಂತ ಕಡಿಮೆ. ನಾಲ್ಕು ಸೆಂಟ್ಸ್‌ನಲ್ಲಿ ಒಂದೂವರೆ ಅವರದೆಂದೂ ಉಳಿದದ್ದು ನಮ್ಮದೆಂದೂ ತಿಳಿಯಿತು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಲಿಯನ್ನು ಸರಿಸಿ ಹಾಕಲು ಆಳಿಗೆ ಹೇಳಿದರು. ಆ ವರ್ಷದ ಚೌತಿಗೆ ನೆರೆಮನೆಯಿಂದ ಊಟದ ಕರೆ ಬಂದಿತು.