ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿ: ವಣಿಕ್ಸಂಘವೊಂದರ ಧ್ಯೇಯೋಕ್ತಿಯ ವಿಚಾರ

೧

ಕನ್ನಡನಾಡಿನ ಶಾಸನಗಳನ್ನು ಅಭ್ಯಾಸಮಾಡುವವರಲ್ಲಿ ಒಂದು ರೂಢಿಯುಂಟು. ಶಾಸನದ ಆದಿಯಲ್ಲಿರುವ ಪ್ರಶಸ್ತಿಭಾಗವನ್ನು ತ್ವರೆಯಿಂದ ದಾಟಿ, ಕಾಲ, ದಾನಿ, ದಾನಪಾತ್ರ, ದತ್ತವಸ್ತು ಇವನ್ನು ಹೇಳುವ ಭಾಗಕ್ಕೆ ಬಂದು ನಿಲ್ಲುವರು. ರಾಜರ ಪ್ರಶಸ್ತಿಗಳಲ್ಲಾದರೋ ವಂಶಾವಳಿಯೂ ಯುದ್ಧವಾರ್ತೆಯೂ ದೊರೆಯುವುದರಿಂದ ಅವಕ್ಕೆ ಸ್ವಲ್ಪ ಮರ್ಯಾದೆಯುಂಟು. ವರ್ತಕರ ಪ್ರಶಸ್ತಿಗಳಿಗೆ ಅಷ್ಟು ಭಾಗ್ಯವೂ ಇಲ್ಲ. ಅರಸರ ಬಿರುದುಗಳನ್ನು ಕಂಡು ಸೆಟ್ಟಿಗಳೂ ತಮಗೊಂದು ಬಿರುದಾವಳಿಯನ್ನು ಕಟ್ಟಿಸಿಕೊಂಡರೆಂದು ಹೇಳಿ ಬಿಟ್ಟುಬಿಡುವುದು ವಾಡಿಕೆ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಯನ್ನು ಆಧಾರವಾಗಿಟ್ಟುಕೊಂಡು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಆ ಪ್ರಶಸ್ತಿಯು ವ್ಯರ್ಥಸ್ತುತಿಯಲ್ಲವೆಂದೂ, ಒಂದು ವಣಿಕ್ಸಂಘವು ತಾನು ಏತಕ್ಕಾಗಿ ಇರುವೆನೆಂಬುದನ್ನು ಲೋಕದ ಮುಂದೆ ಸಾರಿದ ಧ್ಯೇಯೋಕ್ತಿಯೆಂದೂ, ಆ ಉಕ್ತಿಯಿಂದ ಸಂಘದ ಕೆಲಸಗಳು ನಿಜವಾಗಿ ನಡೆದುವೆಂದೂ ತೋರಿಸಲು ಯತ್ನಿಸಲಾಗುವುದು. ಇಂದಿನ ವಾಣಿಜ್ಯಸಂಸ್ಥೆಗಳೂ ತಮ್ಮ ಧ್ಯೇಯ, ಉದ್ದೇಶ, ಲಕ್ಷ್ಯಗಳನ್ನು ಬರೆದು ಪ್ರಕಟಿಸುತ್ತಿರುವುದರಿಂದ ಈ ವಿಚಾರವು ಶಾಸನಜ್ಞರಿಗೆ ಮಾತ್ರ ಮೀಸಲಾದುದಲ್ಲ.

೨

ಅಯ್ಯಾವೊಳೆಯೆಂದರೆ ರವಿಕೀರ್ತಿಯ ಕ್ರಿ. ಶ. ೬೩೪ರ ಶಾಸನದಿಂದ ಪ್ರಸಿದ್ಧವಾದ ಐಹೊಳೆ. ಈಗಿನ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಗ್ರಾಮ. ಸಂಸ್ಕೃತದಲ್ಲಿ ಇದಕ್ಕೆ ಆರ್ಯಪುರವೆಂದು ಹೆಸರು. ಅಲ್ಲಿಯ ಲಾಡಖಾನ ಗುಡಿಯ ಪ್ರಾಚೀನ ಶಾಸನವೊಂದರಲ್ಲಿ ಊರಿನ ಐನೂರ್ವರ ಉಲ್ಲೇಖವಿದೆ. ಮುಂದೆ ಈ ಸಂಖ್ಯಾವಾಚಕವು ದೇಶದೇಶಗಳಲ್ಲಿ ಸಂಚರಿಸುವ ವರ್ತಕರ ಮಹಾಸಂಘಕ್ಕೆ ಸಂಜ್ಞೆಯಾಯಿತು. ಐನೂರೆಂಬುದು ಇಲ್ಲಿ ಎಣಿಕೆಯಲ್ಲ, ಹೆಸರು. ಕನ್ನಡದಲ್ಲಿ ಅಯ್ಯಾವೊಳೆ ಐನೂರ್ವರು, ತಮಿಳಿನಲ್ಲಿ ದಿಶೆ ಆಯಿರತ್ತು ಐಞ್ಞೂರ್ರುವರ್, ಸಾಮಾನ್ಯವಾಗಿ ನಾನಾದೇಶಿಗಳು, ವೀರಬಣಂಜರು, ಹೀಗೆ ಅವರಿಗೆ ಹಲವು ಹೆಸರುಗಳು. ಸ್ವದೇಶಿ, ಪರದೇಶಿ, ಉಭಯನಾನಾದೇಶಿ ಎಂಬ ವಿಭಾಗಗಳೂ, ಗವರೆ, ಗಾತ್ರಿಗ, ಸೆಟ್ಟಿಗುತ್ತ ಮೊದಲಾದ ವರ್ಗಗಳೂ, ಸರಕಿನ ರಕ್ಷಣೆಗಾಗಿ ಮುಮ್ಮುರಿದಂಡವೆಂಬ ಪಡೆಯೂ ಅವರೊಡನೆ ಕಾಣಬರುತ್ತವೆ.

ಇವರು ಒಂದು ಜಾತಿಯವರಲ್ಲ, ಒಂದು ಮತದವರಲ್ಲ, ಒಂದು ಭಾಷೆಯವರೂ ಅಲ್ಲ. ಶಿವಾಲಯಗಳಿಗೂ, ವಿಷ್ಣುಗೃಹಗಳಿಗೂ, ಜಿನಾಲಯಗಳಿಗೂ, ಸಿಂಹಳದಲ್ಲಿ ಬೌದ್ಧಸ್ಥಾನಗಳಿಗೂ ಇವರ ಸಂಬಂಧವಿತ್ತು. ಇವರನ್ನೆಲ್ಲ ಒಂದೇ ಸ್ಥಳದಿಂದ ಆಳುತ್ತಿದ್ದ ಅಧಿಕಾರಸ್ಥಾನವಿದ್ದುದಕ್ಕೆ ಸಾಕ್ಷ್ಯವಿಲ್ಲ. ಆದುದರಿಂದಲೇ ಇವರನ್ನು ಏಕಸಂಘವೆನ್ನಬಹುದೇ, ಅಥವಾ ಊರೂರಿನ ಬೇರೆಬೇರೆ ಕೂಟಗಳು ಒಂದೇ ಹೆಸರನ್ನು ಧರಿಸಿದುವೇ ಎಂಬ ವಿವಾದವು ವಿದ್ವಾಂಸರಲ್ಲಿ ನಡೆದುಬಂದಿದೆ. ಈ ವಿವಾದಕ್ಕೆ ಸಮಾಧಾನವು ಪ್ರಶಸ್ತಿಯಲ್ಲಿಯೇ ಇರುವುದೆಂದು ನಮ್ಮ ಅಭಿಪ್ರಾಯ.

೩

ಈ ಪ್ರಶಸ್ತಿಯ ವಿಸ್ತಾರವಾದ ಪಾಠಗಳಲ್ಲೊಂದು ಬಳ್ಳಿಗಾವೆಯಲ್ಲಿ, ಎಂದರೆ ಶಿಕಾರಿಪುರ ತಾಲ್ಲೂಕಿನ ಪ್ರಾಚೀನ ರಾಜಧಾನಿಯಲ್ಲಿ, ದೊರೆತಿದೆ. ಅದು ೧೧ನೆಯ ಶತಮಾನದ ಮಧ್ಯಭಾಗದ್ದು, ಬಿ. ಎಲ್. ರೈಸರು ೧೯೦೨ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ಅದರ ತಾತ್ಪರ್ಯವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗಿದೆ. ಮೊದಲು ಗುಣವರ್ಣನೆ: ಸತ್ಯ, ಶೌಚ, ಆಚಾರ, ನಯ, ವಿನಯ, ವಿಜ್ಞಾನಗಳಿಂದ ಕೂಡಿದವರು, ವೀರಬಣಂಜುಧರ್ಮವನ್ನು ಕಾಪಾಡುವವರು. ಬಳಿಕ ವಂಶ ಮತ್ತು ದೇವತೆ: ವಾಸುದೇವ, ಖಂಡಳಿ, ಮೂಲಭದ್ರರ ವಂಶದವರು, ಭಗವತಿಯ ವರಪ್ರಸಾದವನ್ನು ಪಡೆದವರು. ಬಳಿಕ ಸಂಚಾರ: ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ಲಾಟ, ಪಾರಸ, ನೇಪಾಳ ಮೊದಲಾದ ದೇಶಗಳನ್ನು ಜಲಮಾರ್ಗದಿಂದಲೂ ಸ್ಥಲಮಾರ್ಗದಿಂದಲೂ ಹೊಕ್ಕು ಬರುವವರು. ಬಳಿಕ ಸರಕು: ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ. ಇವನ್ನು ಸಗಟಾಗಿ ಮಾರುವವರೂ ಉಂಟು, ಹೆಗಲ ಮೇಲೆ ಹೊತ್ತು ತಿರುಗಿ ಮಾರುವವರೂ ಉಂಟು. ಕೊನೆಗೆ ಫಲ: ಸುಂಕಕ್ಕೆ ನಷ್ಟವಾಗದಂತೆ ನಡೆದು ಚಕ್ರವರ್ತಿಯ ಭಂಡಾರವನ್ನೂ ಆಯುಧಶಾಲೆಯನ್ನೂ ತುಂಬುವರು, ಉಳಿದುದರಿಂದ ಪಂಡಿತರಿಗೂ ಮುನಿಗಳಿಗೂ ನಿತ್ಯವೂ ದಾನಮಾಡುವರು.

ಈ ಕ್ರಮವನ್ನು ಗಮನಿಸಬೇಕು. ತಾವು ಯಾರು, ಎಲ್ಲಿಗೆ ಹೋಗುವೆವು, ಏನನ್ನು ಮಾರುವೆವು, ಹೇಗೆ ಮಾರುವೆವು, ಬಂದುದರಲ್ಲಿ ಯಾರಿಗೆ ಏನು ಸಲ್ಲುವುದು ಎಂಬ ಐದು ಪ್ರಶ್ನೆಗಳಿಗೆ ಐದು ಉತ್ತರಗಳು ಅನುಕ್ರಮವಾಗಿ ಬಂದಿವೆ. ಹೆಗಲ ಮೇಲೆ ಹೊತ್ತು ಮಾರುವ ಬಡವರ್ತಕನನ್ನೂ ರತ್ನಪಡಿ ವ್ಯಾಪಾರಿಯೊಡನೆ ಒಂದೇ ವಾಕ್ಯದಲ್ಲಿ ಸೇರಿಸಿರುವುದು ವಿಶೇಷ. ಕೇವಲ ಆಡಂಬರವೇ ಕರ್ತೃವಿನ ಇಷ್ಟವಾಗಿದ್ದರೆ ಆ ಹೊರೆಯವನಿಗೆ ಅಲ್ಲಿ ಸ್ಥಳವಿರುತ್ತಿರಲಿಲ್ಲ.

ಗುಣಗಳಲ್ಲಿ ಸತ್ಯವನ್ನೇ ಮೊದಲಿಟ್ಟುದಕ್ಕೂ ಕಾರಣವುಂಟು. ಮನುಸ್ಮೃತಿಯಲ್ಲಿ ವಾಣಿಜ್ಯಕ್ಕೆ ಸತ್ಯಾನೃತವೆಂದು ಹೆಸರು. ನಿಜವೂ ಸುಳ್ಳೂ ಬೆರೆತ ವೃತ್ತಿಯೆಂದು ಭಾವ. ಕೌಟಿಲ್ಯನು ವರ್ತಕರೇ ಮೊದಲಾದವರನ್ನು ಕಳ್ಳರೆಂಬ ಹೆಸರಿಲ್ಲದ ಕಳ್ಳರ ಪಂಕ್ತಿಗೆ ಸೇರಿಸಿದನು. ಇಂಥ ಶಂಕೆಯು ಶಾಸ್ತ್ರದಲ್ಲಿಯೂ ಲೋಕದಲ್ಲಿಯೂ ನೆಲೆಗೊಂಡಿರುವಾಗ, ಅಪರಿಚಿತವಾದ ಊರಿಗೆ ಬಂದ ವರ್ತಕನು ಮೊದಲು ನಿವಾರಿಸಬೇಕಾದುದು ಆ ಶಂಕೆಯನ್ನೇ. ರಾಜನಿಗೆ ಮುಖ್ಯವಾದ ಶಂಕೆ ಸುಂಕದ ವಂಚನೆ. ಅದಕ್ಕೂ ಪ್ರಶಸ್ತಿಯಲ್ಲಿ ಉತ್ತರವಿದೆ. ಆದುದರಿಂದ ಇದು ಯಾರಿಗೂ ಹೇಳದ ಹೊಗಳಿಕೆಯಲ್ಲ. ಕೊಳ್ಳುವವನಿಗೂ ಆಳುವವನಿಗೂ ಕೊಟ್ಟ ಭಾಷೆ.

೪

ಹೊರಗಿನವರಿಗೆ ಭಾಷೆಯಾದ ಈ ಪ್ರಶಸ್ತಿಯು ಒಳಗಿನವರಿಗೆ ಬಂಧನವೂ ಆಗಿತ್ತು. ಶಾಸನಗಳಲ್ಲಿ ಈ ಸಂಘಕ್ಕೆ ವೀರಬಣಂಜುಸಮಯವೆಂಬ ವ್ಯವಹಾರವುಂಟು. ಸಮಯವೆಂಬುದು ಧರ್ಮಶಾಸ್ತ್ರದ ಪಾರಿಭಾಷಿಕ ಶಬ್ದ. ಒಂದು ಸಮೂಹವು ತಾನಾಗಿ ಮಾಡಿಕೊಂಡ ಕಟ್ಟಳೆಯೆಂದು ಅರ್ಥ. ಯಾಜ್ಞವಲ್ಕ್ಯನು ಸಂವಿದ್ವ್ಯತಿಕ್ರಮಪ್ರಕರಣದಲ್ಲಿ ಶ್ರೇಣಿ, ನೈಗಮ, ಗಣ ಮೊದಲಾದವರ ಪೂರ್ವಾಚಾರವನ್ನು ರಾಜನು ಪಾಲಿಸಬೇಕೆಂದೂ, ಗಣದ್ರವ್ಯವನ್ನು ಅಪಹರಿಸಿದವನನ್ನೂ ಸಂವಿದವನ್ನು ಮೀರಿದವನನ್ನೂ ಸರ್ವಸ್ವವನ್ನು ಕಿತ್ತುಕೊಂಡು ಹೊರಗಟ್ಟಬೇಕೆಂದೂ ವಿಧಿಸಿದ್ದಾನೆ. ಈ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಆಶ್ರಯದಲ್ಲಿದ್ದವನು. ಐನೂರ್ವರ ಶಾಸನಗಳು ಕನ್ನಡನಾಡಿನಲ್ಲಿ ಹೇರಳವಾಗಿ ಹುಟ್ಟುತ್ತಿದ್ದ ಕಾಲವೂ ಅದೇ, ದೇಶವೂ ಅದೇ. ಒಂದೇ ಸರಕಿನಿಂದಲೋ ಒಂದೇ ಶಿಲ್ಪದಿಂದಲೋ ಜೀವಿಸುವವರು ಶ್ರೇಣಿಯೆಂದು ಆತನು ಅರ್ಥಮಾಡಿದನು. ನಾನಾ ಸರಕುಗಳ ನಾನಾದೇಶಿಗಳು ಈ ಲಕ್ಷಣಕ್ಕೆ ಒಳಪಡುವುದಿಲ್ಲ. ಸರಕಿನ ಐಕ್ಯವಿಲ್ಲ, ಊರಿನ ಐಕ್ಯವಿಲ್ಲ, ಕುಲದ ಐಕ್ಯವೂ ಇಲ್ಲ. ಹೀಗಿರುವಾಗ ಉಳಿದ ಐಕ್ಯವು ಸಮಯದ್ದು. ಆ ಸಮಯದ ವಾಚಿಕರೂಪವೇ ಪ್ರಶಸ್ತಿ.

ಇದಕ್ಕೆ ದೂರದ ಸಾಕ್ಷ್ಯಗಳುಂಟು. ಸುಮಾತ್ರಾ ದ್ವೀಪದ ಬಾರೂಸಿನ ಬಳಿಯ ಲೋಬು ತುವಾ ಎಂಬಲ್ಲಿ ಕ್ರಿ. ಶ. ೧೦೮೮ರ ತಮಿಳು ಶಾಸನವಿದೆ, ಕೆ. ಎ. ನೀಲಕಂಠಶಾಸ್ತ್ರಿಗಳು ೧೯೩೨ರಲ್ಲಿ ಇದನ್ನು ವಿವೇಚಿಸಿದರು. ಅಲ್ಲಿ ಸೇರಿದ ಐನೂರ್ವರು ಬಂದರಿಗೆ ಬರುವ ಹಡಗಿನವರು ಕಸ್ತೂರಿಯ ಬೆಲೆಯನ್ನನುಸರಿಸಿ ಚಿನ್ನದಲ್ಲಿ ಸಲ್ಲಿಸಬೇಕಾದ ಹಣವನ್ನು ಗೊತ್ತುಮಾಡಿದರು. ಬರ್ಮಾದೇಶದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣ್ವಾಲಯವಿತ್ತು. ೧೩ನೆಯ ಶತಮಾನದಲ್ಲಿ ಮಲೆಯಾಳದ ವರ್ತಕನೊಬ್ಬನು ಅದಕ್ಕೆ ಮಂಟಪವನ್ನು ಕಟ್ಟಿಸಿದನು. ತಮಿಳುನಾಡಿನ ಪಾಠಗಳಲ್ಲಿಯೂ ಧರ್ಮವು ಬೆಳೆಯಲಿ, ಕಲಿಯು ಕ್ಷೀಣಿಸಲಿ ಎಂಬ ಧ್ಯೇಯಭಾಗವು ಬರುತ್ತದೆ. ಮಲಪ್ರಭೆಯ ತೀರದ ಒಂದು ಊರಿನ ಹೆಸರನ್ನು ಕಡಲಾಚೆ ಕಂಡರಿಯದವರೂ ತಮ್ಮ ಹೆಸರಾಗಿ ಧರಿಸಿದರೆಂದರೆ, ಅವರನ್ನು ಕೂಡಿಸಿದುದು ಅರಸನ ಆಜ್ಞೆಯಲ್ಲ, ಒಪ್ಪಿಕೊಂಡ ಮಾತು. ಹಾಗಾದರೆ ಐನೂರ್ವರು ಏಕಸಂಘವೋ ಅನೇಕಕೂಟಗಳೋ ಎಂಬ ಪ್ರಶ್ನೆಗೆ ಉತ್ತರವಿದು: ಆಡಳಿತದಲ್ಲಿ ಅನೇಕ, ಸಮಯದಲ್ಲಿ ಏಕ.

೫

ಆದರೂ ಇಷ್ಟರಿಂದಲೇ ಪ್ರಶಸ್ತಿಗೆ ಪ್ರಾಮಾಣ್ಯ ಸಿದ್ಧಿಸದು. ಒಳ್ಳೆಯ ಮಾತನ್ನು ಯಾರು ಬೇಕಾದರೂ ಕೆತ್ತಿಸಬಹುದೆಂದು ಆಕ್ಷೇಪ ಬರುತ್ತದೆ. ಈ ಆಕ್ಷೇಪಕ್ಕೆ ಮೀಮಾಂಸಾಶಾಸ್ತ್ರದ ಅರ್ಥವಾದಾಧಿಕರಣದಲ್ಲಿ ದಾರಿಯುಂಟು. ವೇದವು ಕ್ರಿಯೆಗಾಗಿ ಇರುವುದರಿಂದ, ಕ್ರಿಯೆಯನ್ನು ಹೇಳದ ಸ್ತುತಿವಾಕ್ಯಗಳು ನಿರರ್ಥಕವೆಂಬುದು ಪೂರ್ವಪಕ್ಷ. ಸ್ತುತಿಯು ವಿಧಿಯೊಡನೆ ಸೇರಿ ಏಕವಾಕ್ಯವಾದಾಗ ವಿಧೇಯದಲ್ಲಿ ಪ್ರವೃತ್ತಿಯನ್ನುಂಟುಮಾಡುವುದರಿಂದ ಸಾರ್ಥಕವೆಂಬುದು ಸಿದ್ಧಾಂತ. ಎಂದರೆ, ಸ್ತುತಿಯ ಬೆಲೆಯನ್ನು ಸ್ತುತಿಯಲ್ಲಿಯೇ ಹುಡುಕಬಾರದು. ಅದರ ಮುಂದೆ ಯಾವ ವಿಧಿಯಿದೆಯೆಂದು ನೋಡಬೇಕು.

ಐನೂರ್ವರ ಪ್ರಶಸ್ತಿಯ ಮುಂದೆ ವಿಧಿಯಿದೆ. ಶಿಲಾಹಾರ ಗಂಡರಾದಿತ್ಯನ ಕಾಲದ ಕೊಲ್ಲಾಪುರದ ೧೧೩೬ರ ಶಾಸನದಲ್ಲಿಯೂ, ತೇರದಾಳದ ನೇಮಿನಾಥಬಸದಿಯ ೧೨ನೆಯ ಶತಮಾನದ ಶಾಸನದಲ್ಲಿಯೂ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಬೆಳಗಾವಿಯ ೧೨೦೪ರ ಶಾಸನದಲ್ಲಿಯೂ ಇದೇ ರಚನೆ. ನಾನಾ ಊರುಗಳ ವರ್ತಕರು ನೆರೆದರು. ಬೆಳಗಾವಿಯ ಸಭೆಯಲ್ಲಿ ಲಾಟದೇಶದವರೂ ಮಲೆಯಾಳದವರೂ ಇದ್ದರು. ನೆರೆದವರು ದೇವಾಲಯಕ್ಕಾಗಿ ತಮ್ಮ ಮೇಲೆ ತಾವೇ ಆಯವನ್ನು ಹಾಕಿಕೊಂಡರು. ಇಂಥ ಶಾಸನಗಳಲ್ಲಿ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಎಣ್ಣೆ ಎಂದು ಸರಕು ಸರಕಿಗೂ ಅಳತೆ ಹೇಳಿರುತ್ತದೆ. ಮೀರಿದವನಿಗೆ ಪಾಪಫಲವೂ ಉಕ್ತವಾಗಿರುತ್ತದೆ. ಉಳಿದುದರಿಂದ ದಾನಮಾಡುವೆವೆಂಬ ಪ್ರಶಸ್ತಿಯ ಮಾತು ಇಲ್ಲಿ ಲೆಕ್ಕಕ್ಕೆ ಇಳಿಯಿತು. ಬೃಹಸ್ಪತಿಸ್ಮೃತಿಯು ಸಮೂಹವು ಸಭೆ, ಅರವಟ್ಟಿಗೆ, ದೇವಗೃಹ, ಕೆರೆ, ಉಪವನಗಳ ರಕ್ಷಣೆ, ಅನಾಥರ ಪೋಷಣೆ ಮೊದಲಾದುವಕ್ಕಾಗಿ ಮಾಡಿಕೊಳ್ಳುವ ಸಮಯವನ್ನು ಲೇಖ್ಯದಲ್ಲಿ ಬರೆದಿಡಬೇಕೆಂದು ಹೇಳುತ್ತದೆ. ನಮ್ಮ ವರ್ತಕರು ಆ ಲೇಖ್ಯವನ್ನು ಓಲೆಯ ಬದಲು ಕಲ್ಲಿನಲ್ಲಿ, ಎಲ್ಲರೂ ಓಡಾಡುವ ಸ್ಥಳದಲ್ಲಿ ಬರೆಯಿಸಿದರು.

ಇಲ್ಲಿ ಒಂದು ಎಚ್ಚರವನ್ನು ಹೇಳಬೇಕು. ಆನೆಯಂತೆ ನುಗ್ಗಿ ಕೊಲ್ಲುವವರು, ಸಿಂಹದಂತೆ ನೆಗೆದು ಕೊಲ್ಲುವವರು ಎಂಬ ಉಗ್ರಬಿರುದುಗಳೂ ಬಳ್ಳಿಗಾವೆಯ ಪಾಠದಲ್ಲಿವೆ. ಕಾಡುದಾರಿಯಲ್ಲಿ ಸಾತುಗಳನ್ನು ನಡೆಸುವವರಿಗೆ ಶಸ್ತ್ರವು ಅನಿವಾರ್ಯವಾಗಿತ್ತು. ಆದರೆ ಆ ಶಸ್ತ್ರವು ದಾರಿಗಳ್ಳರ ಮೇಲೆ ಮಾತ್ರವೇ ಎತ್ತಲ್ಪಟ್ಟಿತೆಂದು ಪ್ರಶಸ್ತಿಯಿಂದ ಸಿದ್ಧವಾಗುವುದಿಲ್ಲ. ದಾನವು ಕಲ್ಲಿಗೆ ಏರಿತು; ತೂಕದ ಮೋಸವಾಗಲಿ ಸಾಲಗಾರನ ಸಂಕಟವಾಗಲಿ ಕಲ್ಲಿಗೆ ಏರುವ ಸಂಗತಿಗಳಲ್ಲ. ಪ್ರಶಸ್ತಿಯು ಧ್ಯೇಯಕ್ಕೆ ಪ್ರಮಾಣ, ಚರಿತ್ರೆಗೆ ಅಲ್ಲ. ಚರಿತ್ರೆಗೆ ಪ್ರಮಾಣವಾಗುವುದು ವಿಧಿಭಾಗ.

ಹೋಲಿಕೆಗಾಗಿ ಮಾಲವದೇಶದ ದಶಪುರದಲ್ಲಿ, ಎಂದರೆ ಮಂದಸೋರಿನಲ್ಲಿ, ವತ್ಸಭಟ್ಟಿಯು ರಚಿಸಿದ ಕ್ರಿ. ಶ. ೪೭೩ರ ಶಾಸನವನ್ನು ನೋಡಬಹುದು. ಲಾಟದಿಂದ ವಲಸೆಬಂದ ಪಟ್ಟೆಯ ನೇಯಿಗಾರರ ಶ್ರೇಣಿಯು ೪೩೬ರಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿ, ಅದು ಶಿಥಿಲವಾಗಲು ಜೀರ್ಣೋದ್ಧಾರಮಾಡಿತು. ಅಲ್ಲಿಯೂ ಗುಣವರ್ಣನೆಯಿದೆ; ಪಟ್ಟೆಯನ್ನುಡದೆ ಸ್ತ್ರೀಯ ಅಲಂಕಾರವು ಪೂರ್ಣವಾಗದೆಂಬ ಸರಕಿನ ಸ್ತುತಿಯೂ ಇದೆ. ಕಾವ್ಯದೃಷ್ಟಿಯಿಂದ ಅದು ನಮ್ಮ ವರ್ತಕರ ಪ್ರಶಸ್ತಿಗಿಂತ ಎಷ್ಟೋ ಮೇಲು. ಆದರೆ ಮುಂದಿನ ಪೀಳಿಗೆಯವರು ಏನು ಮಾಡಬೇಕೆಂಬ ಅಳತೆಯ ವಿಧಿಯು ಅದರಲ್ಲಿಲ್ಲ. ಅದು ನಡೆದುದರ ಸ್ಮರಣೆ. ಐನೂರ್ವರದು ನಡೆಯಬೇಕಾದುದರ ಕಟ್ಟಳೆ.

೬

ಈ ವಿವೇಚನೆಯಿಂದ ಆಧುನಿಕ ವಾಣಿಜ್ಯಸಂಸ್ಥೆಗಳ ಲೇಖ್ಯಗಳನ್ನು ಅರ್ಥಮಾಡಿಕೊಳ್ಳುವುದಕ್ಕೂ ಸಹಾಯವಾಗುವುದು. ಕಂಪೆನಿಯು ತನ್ನ ಸ್ಥಾಪನಪತ್ರದಲ್ಲಿ ಉದ್ದೇಶಗಳನ್ನು ಬರೆಯಬೇಕೆಂಬ ನಿಯಮವು ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಬಂದಿತು; ೧೯೧೩ರ ಕಾಯಿದೆಯಲ್ಲಿಯೂ ಇತ್ತು, ೨೦೧೩ರ ಕಾಯಿದೆಯಲ್ಲಿಯೂ ಇದೆ. ೧೮೭೫ರಲ್ಲಿ ಆಶ್‌ಬರಿ ಕಂಪೆನಿಯ ವ್ಯಾಜ್ಯದಲ್ಲಿ ಇಂಗ್ಲೆಂಡಿನ ಪ್ರಭುಸಭೆಯು, ರೈಲುಗಾಡಿಗಳನ್ನು ಮಾಡುವ ಉದ್ದೇಶವನ್ನು ಬರೆದುಕೊಂಡ ಸಂಸ್ಥೆಯು ಬೆಲ್ಜಿಯಮ್ಮಿನಲ್ಲಿ ರೈಲುಮಾರ್ಗವನ್ನು ಹಾಕಿಸಲು ಮಾಡಿದ ಒಪ್ಪಂದವು ಅಸಿಂಧುವೆಂದೂ, ಪಾಲುದಾರರೆಲ್ಲರೂ ಒಪ್ಪಿದರೂ ಸಿಂಧುವಾಗದೆಂದೂ ತೀರ್ಪಿತ್ತಿತು. ಅಲ್ಲಿ ಉದ್ದೇಶವಾಕ್ಯವು ವಿಧಿಯೇ ಆಗಿ ನಿಂತಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದರ ಪಕ್ಕದಲ್ಲಿ ಮತ್ತೊಂದು ಬಗೆಯ ವಾಕ್ಯವು ಬೆಳೆಯಿತು. ಸಂಸ್ಥೆಯು ತನ್ನ ಧ್ಯೇಯವನ್ನು ಕೆಲವು ಸುಂದರವಾದ ಮಾತುಗಳಲ್ಲಿ ಬರೆದು ಗೋಡೆಯ ಮೇಲೆ ತೂಗುಹಾಕುವ ಪದ್ಧತಿಯಿದು. ಇದನ್ನು ಮೀರಿದರೆ ನ್ಯಾಯಾಲಯವು ಕೇಳುವುದಿಲ್ಲ. ನೌಕರರಲ್ಲಿ ಐಕಮತ್ಯವನ್ನೂ, ಕೊಳ್ಳುವವರಲ್ಲಿ ವಿಶ್ವಾಸವನ್ನೂ ಹುಟ್ಟಿಸುವುದು ಅದರ ಪ್ರಯೋಜನ. ಐನೂರ್ವರಿಗೂ ಇವೆರಡೇ ಪ್ರಯೋಜನಗಳಿದ್ದುವೆಂಬುದನ್ನು ಮೇಲೆ ಕಂಡೆವು. ಪೀಟರ್ ಡ್ರಕರನು ೧೯೫೪ರ ತನ್ನ ಗ್ರಂಥದಲ್ಲಿ ಸಂಸ್ಥೆಯ ಕಾರ್ಯವನ್ನು ಲಕ್ಷ್ಯಗಳ ಮೂಲಕ ನಡೆಸಬೇಕೆಂದು ಪ್ರತಿಪಾದಿಸಿದನು. ಧ್ಯೇಯವು ಉದ್ದೇಶವಾಗಿ, ಉದ್ದೇಶವು ಅಳೆಯಬಲ್ಲ ಲಕ್ಷ್ಯವಾಗಿ ಇಳಿಯಬೇಕೆಂಬುದು ಆ ಮತದ ಫಲಿತಾರ್ಥ. ವೀರಬಣಂಜುಧರ್ಮವು ಧ್ಯೇಯ, ದಾನವು ಉದ್ದೇಶ, ಗಾಣಕ್ಕೆ ಇಷ್ಟು ಎಣ್ಣೆಯೆಂಬುದು ಲಕ್ಷ್ಯ. ಈ ಮೂರರ ಏಕವಾಕ್ಯತೆಯನ್ನು ನಮ್ಮ ವರ್ತಕರು ಸುಮಾರು ಎಂಟುನೂರು ವರ್ಷಗಳ ಹಿಂದೆಯೇ ಒಂದೇ ಶಿಲೆಯಲ್ಲಿ ತೋರಿಸಿದ್ದರು.

ಆದುದರಿಂದ ವಣಿಕ್ಪ್ರಶಸ್ತಿಗಳನ್ನು ಪಾಠಹೇಳುವವರು ಅವನ್ನು ಬಿರುದಾವಳಿಯೆಂದು ಕಡೆಗಣಿಸದೆ, ಶಾಸನದ ವಿಧಿಭಾಗದೊಡನೆ ಸೇರಿಸಿ ಓದಿಸುವುದು ಯುಕ್ತ. ಪ್ರಶಸ್ತಿಯನ್ನು ಬಿಟ್ಟು ದಾನವನ್ನು ಮಾತ್ರ ಓದಿದರೆ ವರ್ತಕರು ಏತಕ್ಕೆ ಕೊಟ್ಟರೆಂಬುದು ತಿಳಿಯದು. ದಾನವನ್ನು ಬಿಟ್ಟು ಪ್ರಶಸ್ತಿಯನ್ನು ಮಾತ್ರ ಓದಿದರೆ ಅವರನ್ನು ನಂಬಬಹುದೇ ಎಂಬುದು ತಿಳಿಯದು. ಇಂದಿನ ಸಂಸ್ಥೆಗಳ ಧ್ಯೇಯೋಕ್ತಿಗಳಿಗೂ ಇದೇ ನ್ಯಾಯವು ಸಲ್ಲುವುದು: ಮಾತನ್ನು ಓದಿದವನು ಅದರ ಕೆಳಗೆ ಅಳತೆಯೇನು ಬರೆದಿದೆಯೆಂದು ನೋಡಬೇಕು.